ರಂಗೋಲಿಯ ನಡೆಮುಡಿ

ದಾಸಪ್ಪ ಹಾಲಿನ ಬೂತಿನ ಸಾಲಿನಲ್ಲಿ ಬಾಯಿ ಮುಚ್ಚಿಕೊಂಡು ನಿಂತಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ಡಿಸೆಂಬರ್ ತಿಂಗಳ ಮಂಜು, ಹಾಲಿನ ವ್ಯಾನು ಬೇರೆ ತಡ, ಮುಂದೆ ನಿಂತವರು ಚೂಡಾಮಣಿಯವರು. ಇಷ್ಟೆಲ್ಲ ಕೂಡಿ ಬಂದಾಗ ಯಾರು ತಾನೇ ಸುಮ್ಮನಿರುತ್ತಾರೆ? “ಇವತ್ತು ನಮ್ಮ ಸಾರ್ ಮನೆಗೆ ಆಫೀಸರ್ ಬರ್ತಾರೆ ಅಕ್ಕ,” ಎಂದುಬಿಟ್ಟ.

ಅವನ ಸಾರ್ ಎಂದರೆ ಗುರುಶಾಂತಪ್ಪನವರು. ಸ್ವಿಚ್ಚು ತಯಾರಿಸುವ ಕಾರ್ಖಾನೆಯೊಂದರಲ್ಲಿ ಸ್ಟೋರ್ ಕೀಪರ್ ಆಗಿದ್ದವರು. ಬಿಟಿಎಂ ಲೇಔಟಿನಲ್ಲಿ ನರಿಗಳು ಇನ್ನೂ ಓಡಾಡುತ್ತಿದ್ದ ಕಾಲದಲ್ಲೇ ಸೈಟು ಹಿಡಿದು ಮನೆ ಕಟ್ಟಿಸಿದವರು. ಗೃಹಪ್ರವೇಶವಾದ ವರ್ಷವೇ ಅವರ ಬಲಗೈ ತನ್ನ ಪಾಡಿಗೆ ತಾನು ನಡುಗತೊಡಗಿತು. ಆಮೇಲೆ ಕಾಲುಗಳೂ ಮುಷ್ಕರ ಹೂಡಿದವು. ಮಿದುಳಿನ ಕಾಯಿಲೆ, ಪಾರ್ಕಿನ್ಸನ್ ಅಂತಾರೆ, ವಾಸಿ ಮಾಡೋದು ಅಂತ ಇಲ್ಲ, ನಿಭಾಯಿಸೋದು ಅಷ್ಟೇ ಎಂದು ಡಾಕ್ಟರು ಹೇಳಿ ಕಳಿಸಿದರು. ಗುರುಶಾಂತಪ್ಪನವರು ವಯಸ್ಸಿಗೆ ಮುಂಚೆಯೇ ಕೆಲಸ ಬಿಟ್ಟು ಮನೆಯಲ್ಲಿ ಕುಳಿತರು.

ಕುಳಿತರೇನೋ ಸರಿ, ಏಳುವುದೇ ಕಷ್ಟ. ಎದ್ದು ನಾಲ್ಕು ಹೆಜ್ಜೆ ಬಂದರೂ ಬಾಗಿಲ ಹತ್ತಿರ ಅಂಗಾಲು ನೆಲಕ್ಕೆ ಅಂಟಿಕೊಂಡುಬಿಡುತ್ತಿತ್ತು. ಮನಸ್ಸು ಹೊರಗೆ ಹೋಗಿ ಚಪ್ಪಲಿ ಹಾಕಿಕೊಂಡಿರುತ್ತಿತ್ತು, ಕಾಲು ಮಾತ್ರ ಹೊಸ್ತಿಲ ಒಳಗೆ. ಹೆಂಡತಿ ಶಿವಬಸಮ್ಮ ಒಂದು ದಿನ ಬಚ್ಚಲಲ್ಲಿ ಅವರನ್ನು ಎತ್ತಲು ಹೋಗಿ ಸೊಂಟ ಹಿಡಿದು ಹದಿನೈದು ದಿನ ಮಲಗಿದರು. ಅಂದಿನಿಂದ ಅವರು ಬಗ್ಗಿದರೆ ಏಳುವುದಕ್ಕೆ ಇನ್ನೊಬ್ಬರು ಬೇಕು.

ಹಾಗಾಗಿ ಸುದ್ದಗುಂಟೆಪಾಳ್ಯದಿಂದ ದಾಸಪ್ಪ ಬಂದ. ಸ್ನಾನ ಮಾಡಿಸುವುದು, ಅಂಗಿಯ ಗುಂಡಿ ಹಾಕುವುದು, ಸಂಜೆ ಮಡಿವಾಳದ ಕೆರೆ ಏರಿಯವರೆಗೆ ಕರೆದುಕೊಂಡು ಹೋಗುವುದು ಅವನ ಕೆಲಸ. ಸಾರ್ ಕಾಲು ನಿಂತುಹೋದಾಗ ಅವನು ತನ್ನ ಹವಾಯಿ ಚಪ್ಪಲಿಯ ಕಾಲನ್ನು ಅಡ್ಡ ಇಟ್ಟು “ದಾಟಿ ಸಾರ್” ಅನ್ನುತ್ತಿದ್ದ. ಅದೇನು ಮಾಯೆಯೋ, ಬರಿ ನೆಲದ ಮೇಲೆ ಏಳದ ಕಾಲು ದಾಸಪ್ಪನ ಕಾಲನ್ನು ಮಾತ್ರ ಸಲೀಸಾಗಿ ದಾಟುತ್ತಿತ್ತು. ಯಾಕೆ ಅಂತ ಅವನಿಗೂ ಗೊತ್ತಿರಲಿಲ್ಲ, ಇವರಿಗೂ ಗೊತ್ತಿರಲಿಲ್ಲ. ದಾಟಿದರಾಯಿತು.

ದಾಸಪ್ಪನ ಸಂಬಳ ಬರುತ್ತಿದ್ದದ್ದು ಕಾರ್ಖಾನೆಯ ಕ್ಷೇಮನಿಧಿಯಿಂದ. ಪಿಂಚಣಿಯಲ್ಲಿ ಮಾತ್ರೆಗೂ ಅಕ್ಕಿಗೂ ಸರಿಹೋಗುತ್ತಿತ್ತು, ಆಳಿಗೆ ಉಳಿಯುತ್ತಿರಲಿಲ್ಲ. ಈಗ ನಿಧಿಗೆ ಚಿಕ್ಕಬೈರಪ್ಪ ಎನ್ನುವ ಹೊಸ ಆಫೀಸರು ಬಂದಿದ್ದರು. ಸಹಾಯ ಪಡೆಯುವವರಿಗೆ ಅದು ನಿಜವಾಗಿ ಬೇಕೋ ಬೇಡವೋ ಎಂದು ಮನೆಮನೆಗೆ ಹೋಗಿ ಕಣ್ಣಾರೆ ನೋಡುವುದು ಅವರ ಪದ್ಧತಿ. ಇವತ್ತು ಹನ್ನೊಂದು ಗಂಟೆಗೆ ಗುರುಶಾಂತಪ್ಪನವರ ಸರದಿ.

ಗುರುಶಾಂತಪ್ಪನವರಿಗೆ ಭಯವೇನೂ ಇರಲಿಲ್ಲ. ಇರುವ ಕಾಯಿಲೆಯನ್ನು ಇರುವಂತೆ ತೋರಿಸಿದರೆ ಸಾಕಲ್ಲ ಅಂದುಕೊಂಡಿದ್ದರು. ಅವರು ಹಾಸಿಗೆಯಲ್ಲಿ ಮಲಗಿ ಕಿಟಕಿಯ ಆಚೆಗಿನ ಬೆಳ್ಳಗಿನ ಮಂಜನ್ನೇ ನೋಡುತ್ತಿದ್ದರು. ರಾತ್ರಿ ಬಿದ್ದ ಕನಸು ಇನ್ನೂ ಕಣ್ಣಲ್ಲಿತ್ತು. ಕನಸಿನಲ್ಲಿ ಅವರು ದಿನಾ ನಡೆಯುತ್ತಿದ್ದರು. ಕೆರೆ ಏರಿಯ ಮೇಲೆ, ರಾಗಿ ಹೊಲದ ಬದುವಿನ ಮೇಲೆ, ಕೆಲವು ಸಲ ನೀರಿನ ಮೇಲೂ. ಎದ್ದ ಮೇಲೆ ಕಾಲು ಮುಟ್ಟಿ ನೋಡಿಕೊಂಡರೆ ಇಬ್ಬನಿಯ ತಂಪು ಇನ್ನೂ ಇದೆಯೇನೋ ಅನ್ನಿಸುತ್ತಿತ್ತು. ಇದನ್ನು ಅವರು ಯಾರಿಗೂ ಹೇಳಿರಲಿಲ್ಲ, ಹೆಂಡತಿ ಅತ್ತುಬಿಡುತ್ತಾಳೆ ಎಂದು.

ಬೆಳಕು ಹರಿಯುವುದರೊಳಗೆ ಸುದ್ದಿ ಬೀದಿಯನ್ನೆಲ್ಲ ಸುತ್ತಿ ಬಂದಿತ್ತು. ಮೊದಲು ಬಂದವರು ಎದುರುಮನೆಯ ದೇವದಾಸ್. ಇನ್ಶೂರೆನ್ಸ್ ಏಜೆಂಟರು, ಹವ್ಯಾಸಿ ನಾಟಕದವರು. ಯಾರ ಮನೆಯಲ್ಲಿ ಏನಾದರೂ ಅದರಲ್ಲಿ ತಮಗೊಂದು ಪಾತ್ರವಿದೆ ಎಂದು ನಂಬಿದವರು.

“ಶೇವ್ ಮಾಡಿಸ್ಕೊಂಡುಬಿಟ್ರಾ ಸಾರ್? ಛೇ, ತಪ್ಪು ಮಾಡಿದ್ರಿ. ಗಡ್ಡ ಇದ್ದಿದ್ರೆ ಕೇಸು ಸ್ಟ್ರಾಂಗ್ ಆಗ್ತಿತ್ತು,” ಎಂದು ಕುರ್ಚಿ ಎಳೆದುಕೊಂಡು ಕುಳಿತರು. “ಹೋಗ್ಲಿ ಬಿಡಿ. ಕೈ ತೋರ್ಸಿ. ಆಫೀಸರ್ ಬಂದ ತಕ್ಷಣ ನಡುಕ ಬರ್ಬೇಕು. ಎಲ್ಲಿ, ಈಗೊಂದ್ಸಲ ನಡುಗ್ಸಿ.”

“ಅದು ನಾನು ನಡುಗಿಸೋದಲ್ರೀ, ಅದೇ ನಡುಗುತ್ತೆ.”

“ಅದೇ ಸಾರ್, ಸ್ವಲ್ಪ ಪ್ರಯತ್ನ ಪಡಿ.”

ಗುರುಶಾಂತಪ್ಪನವರು ಸಂಕೋಚದಿಂದ ಪ್ರಯತ್ನ ಪಟ್ಟರು. ಎಷ್ಟೋ ವರ್ಷದಿಂದ ಸುಮ್ಮನಿರು ಅಂದರೆ ಕೇಳದ ಕೈ, ನಡುಗು ಅಂದ ಕೂಡಲೇ ಪಾಠ ಬಾರದ ಹುಡುಗನ ಹಾಗೆ ತೆಪ್ಪಗೆ ಕುಳಿತಿತು. ದೇವದಾಸ್ ಕೈಯನ್ನು ತಿರುಗಿಸಿ, ಮಗುಚಿ ನೋಡಿದರು. ಕೊನೆಗೆ ತಾವೇ ನಡುಗಿಸಿ ತೋರಿಸಿದರು. ಅದು ಎಷ್ಟು ಚೆನ್ನಾಗಿತ್ತೆಂದರೆ ಒಳಗಿನಿಂದ ಕಾಫಿ ತಂದ ಶಿವಬಸಮ್ಮ ಗಾಬರಿಯಾಗಿ, “ಅಯ್ಯೋ, ನಿಮಗೂ ಶುರುವಾಯ್ತಾ?” ಎಂದರು.

“ಇರೋ ಕಾಯಿಲೆನ ನಟಿಸೋದು ಹೇಗ್ರೀ ದೇವದಾಸ್?” ಎಂದರು ಗುರುಶಾಂತಪ್ಪ. ಅವರಿಗೆ ನಿಜವಾಗಿಯೂ ಬೇಸರವಾಗಿತ್ತು. ಬೇಸರವಾದದ್ದೇ ತಡ, ಕೈ ತಾನಾಗಿ ನಡುಗಿ ಕಾಫಿ ಲುಂಗಿಯ ಮೇಲೆ ಚೆಲ್ಲಿತು. “ಇದು, ಇದೇ ಬೇಕು, ಹನ್ನೊಂದು ಗಂಟೆಗೆ ಹೀಗೇ ಮಾಡಿ,” ಎಂದು ದೇವದಾಸ್ ಬೆನ್ನು ತಟ್ಟಿದರು.

ಇತ್ತ ಚೂಡಾಮಣಿಯವರು ಸುಮ್ಮನೆ ಕೂರುವ ಜಾತಿಯವರಲ್ಲ. ಆ ಬೀದಿಯ ಮಹಿಳಾ ಸಮಾಜಕ್ಕೆ ಅವರೇ ಅಧ್ಯಕ್ಷೆ. ಬೀದಿಗೆ ಹೊಸದಾಗಿ ಟಾರು ಬಿದ್ದಿತ್ತು, ದೀಪದ ಕಂಬ ಮಾತ್ರ ಬಂದಿರಲಿಲ್ಲ. ಬರುವವರು ಕಾರ್ಖಾನೆಯ ಆಫೀಸರು, ಬೀದಿ ದೀಪಕ್ಕೂ ಅವರಿಗೂ ಸಂಬಂಧವಿಲ್ಲ ಎಂದು ಶಿವಬಸಮ್ಮ ಹೇಳಿ ನೋಡಿದರು.

“ಆಫೀಸರ್‌ಗೆ ಆಫೀಸರ್ ಗೊತ್ತಿರ್ತಾರೆ ಶಿವಬಸಮ್ನೋರೇ. ನಮ್ಮ ಮರ್ಯಾದೆ ನೋಡಿ ಅವರೇ ಒಂದು ಮಾತು ಹೇಳ್ತಾರೆ. ಸ್ವಾಮಿಗಳು ಬಂದ್ರೆ ನಡೆಮುಡಿ ಹಾಸಲ್ವಾ? ಹಾಗೆ ಮಾಡೋಣ ಅಂತ.”

“ಅಷ್ಟು ಉದ್ದಕ್ಕೆ ಬಟ್ಟೆ ಎಲ್ಲಿಂದ ತರ್ತೀರಿ?”

“ಬಟ್ಟೆ ಯಾಕೆ? ಟಾರು ಕರ್‍ರಗೆ ಮಿಂಚ್ತಿದೆ. ರಂಗೋಲೀಲೇ ಹಾಸ್ತೀವಿ.”

ಹೆಂಗಸರು ಸೆರಗು ಸಿಕ್ಕಿಸಿ ಇಳಿದೇಬಿಟ್ಟರು. ಬೀದಿಯ ತಿರುವಿನಿಂದ ಗುರುಶಾಂತಪ್ಪನವರ ಗೇಟಿನವರೆಗೆ ಕಂಬಳಿ ಬಿಚ್ಚಿದ ಹಾಗೆ ಒಂದೇ ಉದ್ದನೆಯ ರಂಗೋಲಿ. ಎಳೆ ಎಳೆಯಾಗಿ ಚುಕ್ಕಿಯಿಟ್ಟು ಬಿಡಿಸಲು ಹೊತ್ತಿಲ್ಲದ್ದರಿಂದ ಹೆಜ್ಜೆಗೊಂದು ಅಡ್ಡಪಟ್ಟಿ, ಎರಡು ಪಟ್ಟಿಯ ನಡುವೆ ಒಂದೊಂದು ತಾವರೆ. ಮಂಜು ಕರಗಿ ಬಿಸಿಲು ಬಿದ್ದಾಗ ಬೀದಿಗೆ ಬೀದಿಯೇ ಬೆಳ್ಳಗೆ ನಗುತ್ತಿತ್ತು.

ಹನ್ನೊಂದಕ್ಕೆ ಸರಿಯಾಗಿ ದೇವದಾಸ್ ಕೊನೆಯ ಸೂಚನೆ ಕೊಟ್ಟರು. “ಸಾರ್, ಕುರ್ಚೀಲಿ ಕೂತಿದ್ರೆ ಏನೂ ಗೊತ್ತಾಗಲ್ಲ. ಗೇಟಿನ ಹತ್ರ ಬಂದು ಕಾಲು ಸಿಕ್ಕಿಹಾಕ್ಕೊಂಡು ನಿಂತಿರಿ. ಅವರು ದೂರದಿಂದ್ಲೇ ನೋಡ್ಲಿ. ದಾಸಪ್ಪ, ನೀನು ಹತ್ರ ಬರ್ಬೇಡ.”

ಈ ಸಲ ನಟಿಸುವ ಅಗತ್ಯವಿರಲಿಲ್ಲ. ಗೇಟು ಬಂದ ಕೂಡಲೇ ಗುರುಶಾಂತಪ್ಪನವರ ಕಾಲು ಎಂದಿನಂತೆ ನಿಂತಿತು. ತಿರುವಿನಲ್ಲಿ ಒಂದು ಸ್ಕೂಟರ್ ಬಂದು ನಿಂತದ್ದು, ಚೂಡಾಮಣಿಯವರು ಹಾರ ಹಿಡಿದು ಅಡ್ಡ ಬಂದದ್ದು, ಸಫಾರಿ ತೊಟ್ಟ ಒಬ್ಬರು ರಂಗೋಲಿ ತುಳಿಯಲಾರದೆ ಅಲ್ಲೇ ಇಳಿದದ್ದು ಅವರಿಗೆ ಕಾಣಿಸಿತು. ಎಲ್ಲ ಸರಿಯಾಗಿಯೇ ನಡೆಯುತ್ತಿತ್ತು. ಆಮೇಲೆ ಅವರು ತಲೆ ತಗ್ಗಿಸಿ ನೆಲ ನೋಡಿದರು.

ಮುಂದೆ ಒಂದು ಬಿಳಿಯ ಗೆರೆ. ಅದರಾಚೆ ಇನ್ನೊಂದು. ಅದರಾಚೆ ಮತ್ತೊಂದು. ಬೀದಿಯ ಕೊನೆಯವರೆಗೆ ಯಾರೋ ತಮಗಾಗಿಯೇ ಕಾಲು ಅಡ್ಡ ಇಟ್ಟುಕೊಂಡು ಕಾಯುತ್ತಿರುವ ಹಾಗೆ. ಕಾಲು ಅವರನ್ನು ಕೇಳಲಿಲ್ಲ. ಎದ್ದಿತು, ಮೊದಲ ಗೆರೆ ದಾಟಿತು.

ಅವರು ನಡೆದರು. ಕೈಯಲ್ಲಿದ್ದ ಊರುಗೋಲು ಎಲ್ಲೋ ಬಿತ್ತು, ಗೊತ್ತಾಗಲಿಲ್ಲ. ಒಂದು ಪಟ್ಟಿ, ಒಂದು ತಾವರೆ, ಒಂದು ಪಟ್ಟಿ. ಬಿಸಿಲು ಬೆನ್ನಿನ ಮೇಲೆ ಬೆಚ್ಚಗೆ ಬರುತ್ತಿತ್ತು. ಎರಡೂ ಕಡೆ ಕಾಂಪೌಂಡಿನ ಮೇಲಿನ ಮುಖಗಳು ಕನಸಿನಲ್ಲಿ ತೇಲುವ ಹಾಗೆ ಹಿಂದೆ ಸರಿಯುತ್ತಿದ್ದವು. ಯಾರೋ ಅವರ ಹೆಸರು ಹೇಳಿ ಕರೆದರು, ಯಾರೋ ತಡೆಯಿರಿ ಅಂದರು. ಅದು ದೇವದಾಸ್ ಇರಬೇಕು. ಗುರುಶಾಂತಪ್ಪನವರಿಗೆ ಬೀದಿ ಎಲ್ಲಿ ಮುಗಿದು ಕೆರೆ ಏರಿ ಎಲ್ಲಿ ಶುರುವಾಯಿತೋ ತಿಳಿಯಲಿಲ್ಲ. ಇದು ಮುಗಿಯದೇ ಇರಲಿ ಎಂದು ಮಾತ್ರ ಅನ್ನಿಸಿತು. ಗೇಟಿನಲ್ಲಿ ನಿಂತ ಶಿವಬಸಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದರು. ಗಂಡ ಹೀಗೆ ನಡೆದದ್ದನ್ನು ನೋಡಿ ಎಷ್ಟು ಕಾಲವಾಗಿತ್ತೋ. ಏನು ಕಳೆದುಹೋಗುತ್ತಿದೆ ಎಂಬುದೂ ಆ ಗಳಿಗೆಯಲ್ಲಿ ಅವರಿಗೆ ಹೊಳೆಯಲಿಲ್ಲ.

ಕೊನೆಯ ಪಟ್ಟಿ ಚಿಕ್ಕಬೈರಪ್ಪನವರ ಬೂಟಿನ ಮುಂದೆ ಮುಗಿದಿತ್ತು. ಕಾಲು ಅಲ್ಲೇ ನಿಂತಿತು.

“ನೀವೇನಾ ಗುರುಶಾಂತಪ್ಪ?” ಎಂದರು ಆಫೀಸರು. ಕೊರಳಲ್ಲಿ ಚೆಂಡುಹೂವಿನ ಹಾರ, ಮುಖದಲ್ಲಿ ಮದುವೆಮನೆಯಲ್ಲಿ ಕಳ್ಳನನ್ನು ಹಿಡಿದವರ ಸಮಾಧಾನ.

“ಹೌದು ಸಾರ್. ಆದ್ರೆ ನನಗೆ ನಡೆಯೋಕೆ ಬರಲ್ಲ.”

ಸುತ್ತ ನಿಂತವರು ಯಾರೂ ನಗಲಿಲ್ಲ. ಚಿಕ್ಕಬೈರಪ್ಪನವರು ಬೀದಿಯನ್ನೊಮ್ಮೆ, ಇವರನ್ನೊಮ್ಮೆ ನೋಡಿದರು. “ನಾನು ಕಣ್ಣಾರೆ ನೋಡಿದ್ದನ್ನ ತಾನೇ ಬರೀಬೇಕು?”

ಗುರುಶಾಂತಪ್ಪನವರಿಗೆ ಈಗ ಎಚ್ಚರವಾಯಿತು. ಆದರೂ ಸುಳ್ಳು ಹೇಳುವ ಅಭ್ಯಾಸವಿರಲಿಲ್ಲ. “ಗೆರೆ ಸಾರ್,” ಎಂದರು. “ಗೆರೆ ಇದ್ರೆ ಕಾಲು ಏಳುತ್ತೆ. ಇಲ್ದಿದ್ರೆ ಏಳಲ್ಲ. ಇಲ್ಲಿಂದ ಮುಂದೆ ನೋಡಿ, ಗೆರೆ ಇಲ್ಲ, ನಾನು ಒಂದು ಹೆಜ್ಜೆ ಇಡಲಾರೆ. ದಾಸಪ್ಪ ಕಾಲು ಅಡ್ಡ ಇಟ್ಟಾಗ ದಾಟ್ತಿದ್ದದ್ದೂ ಇದಕ್ಕೇ ಅಂತ ಈಗ ಗೊತ್ತಾಯ್ತು.”

ಚಿಕ್ಕಬೈರಪ್ಪನವರು ಕೆಟ್ಟವರಲ್ಲ, ಚೊಕ್ಕ ಮನುಷ್ಯರು. ಅವರು ನಿಜವಾಗಿ ಪರೀಕ್ಷೆ ಮಾಡಿದರು. ಬರಿ ಟಾರಿನ ಮೇಲೆ ನಡೆಯಿರಿ ಅಂದರು. ಕಾಲು ಏಳಲಿಲ್ಲ. ಚೂಡಾಮಣಿಯವರಿಂದ ಒಂದು ಗೆರೆ ಎಳೆಸಿದರು. ಕಾಲು ಎದ್ದಿತು. ಇನ್ನೊಂದು ಎಳೆಸಿದರು. ಮತ್ತೆ ಎದ್ದಿತು. ಆಫೀಸರ ಮುಖ ಅರಳಿತು.

“ಸತ್ಯ ಹೇಳಿದ್ರಿ, ಸಂತೋಷ,” ಎಂದರು. “ಅಂದ್ರೆ ನಿಮಗೆ ಬೇಕಾಗಿರೋದು ಗೆರೆ, ಆಳಲ್ಲ. ಇಷ್ಟು ದಿನ ನಿಧಿ ಸುಮ್ನೆ ಆಳಿಗೆ ದುಡ್ಡು ಸುರೀತಿತ್ತು. ಇವತ್ತಿಂದ ಆಳಿನ ಸಂಬಳ ನಿಲ್ಲಿಸ್ತೀನಿ. ರಂಗೋಲಿ ಪುಡಿ ಖರ್ಚು ಮಂಜೂರು ಮಾಡ್ತೀನಿ. ಎಷ್ಟು ಬೇಕಾದ್ರೂ ತಗೊಳ್ಳಿ, ರಸೀದಿ ಇಟ್ಟಿರಿ.”

“ಸ್ನಾನ ಮಾಡ್ಸೋದು, ಗುಂಡಿ ಹಾಕೋದು ಯಾರು ಸಾರ್?” ಎಂದ ದಾಸಪ್ಪ ಹಿಂದಿನಿಂದ. “ಹೋಗ್ಲಿ, ಆ ಗೆರೆ ಎಳೆಯೋಕಾದ್ರೂ ಒಬ್ಬರು ಬೇಕಲ್ವಾ?”

“ಮನೇಲಿ ಹೆಂಗಸರಿಲ್ವೇನಪ್ಪ? ರಂಗೋಲಿ ಹಾಕೋಕೆ ಸಂಬಳ ಕೊಟ್ಟವರನ್ನ ನಾನೆಲ್ಲೂ ನೋಡಿಲ್ಲ.”

ಚೂಡಾಮಣಿಯವರು ದೀಪದ ಕಂಬದ ಮಾತು ತೆಗೆದರು. ಅದು ಬೇರೆ ಇಲಾಖೆ ಅಂದು ಚಿಕ್ಕಬೈರಪ್ಪನವರು ಹಾರವನ್ನು ಹ್ಯಾಂಡಲಿಗೆ ಸಿಕ್ಕಿಸಿ ಸ್ಕೂಟರ್ ಒದ್ದು ಹೊರಟರು. ಬೀದಿಯವರಿಗೆ ಮಾತ್ರ ಖುಷಿಯೋ ಖುಷಿ. ಡಾಕ್ಟರಿಗೆ ತಿಳಿಯದ ಔಷಧಿಯನ್ನು ನಮ್ಮ ಮಹಿಳಾ ಸಮಾಜ ಕಂಡುಹಿಡಿಯಿತು ಎಂದು ಚೂಡಾಮಣಿಯವರು ಸಾರಿದರು. ನಡೆಸಿದ್ದು ನನ್ನ ಟ್ರೈನಿಂಗು ಅಂದರು ದೇವದಾಸ್. ಎಲ್ಲರೂ ಗುರುಶಾಂತಪ್ಪನವರ ಕೈ ಕುಲುಕಿ, ಮಾತಾಡುತ್ತ, ರಂಗೋಲಿಯ ಮೇಲೆಯೇ ಕಾಲೆಳೆದುಕೊಂಡು ತಮ್ಮ ತಮ್ಮ ಮನೆಗೆ ಊಟಕ್ಕೆ ಹೋದರು.

ಬೀದಿ ಖಾಲಿಯಾದಾಗ ಗುರುಶಾಂತಪ್ಪನವರು ತಿರುವಿನಲ್ಲಿ ನಿಂತಲ್ಲೇ ನಿಂತಿದ್ದರು. ಹೇಗೋ ಮನೆಯ ಕಡೆ ಮುಖ ತಿರುಗಿಸಿಕೊಂಡಿದ್ದರು. ಆದರೆ ಪಟ್ಟಿಯೂ ಇರಲಿಲ್ಲ, ತಾವರೆಯೂ ಇರಲಿಲ್ಲ. ಬೀದಿಯುದ್ದಕ್ಕೂ ಬೂದಿ ಚೆಲ್ಲಿದಂತೆ ಬರಿ ಬಿಳಿ ಧೂಳು. ಮನೆ ಅಲ್ಲೇ ಕಾಣುತ್ತಿತ್ತು, ಹೋಗುವುದಕ್ಕೆ ದಾರಿಯಿರಲಿಲ್ಲ.

ಶಿವಬಸಮ್ಮ ಪುಡಿಯ ಡಬ್ಬಿ ಹಿಡಿದು ಬಂದರು. “ನೀನು ಬಗ್ಗಬೇಡ ಕಣೆ,” ಎಂದರು ಗಂಡ.

“ಇನ್ಮೇಲೆ ದಿನಾ ಬಗ್ಗಬೇಕಲ್ರೀ,” ಎಂದು ಶಿವಬಸಮ್ಮ ಬಗ್ಗಿ, ಒಂದು ಗೆರೆ ಅರ್ಧ ಎಳೆದರು. ಅಷ್ಟರಲ್ಲಿ ಸೊಂಟ ಹಿಡಿಯಿತು. ಅವರು ಹಾಗೆಯೇ ಉಳಿದರು.

ನಡುಬೀದಿಯಲ್ಲಿ ಗಂಡ ನಿಂತವರು ನಿಂತ ಹಾಗೆ, ಹೆಂಡತಿ ಬಗ್ಗಿದವರು ಬಗ್ಗಿದ ಹಾಗೆ. ಬಿದ್ದಿದ್ದ ಊರುಗೋಲು ಹುಡುಕಲು ಹೋಗಿದ್ದ ದಾಸಪ್ಪ ಇಬ್ಬರ ನಡುವೆ ಬಂದು ನಿಂತು, ಅವರನ್ನೊಮ್ಮೆ ಇವರನ್ನೊಮ್ಮೆ ನೋಡಿದ.

“ಸಂಬಳ ಇಲ್ಲ ಕಣೋ ದಾಸಪ್ಪ,” ಎಂದರು ಗುರುಶಾಂತಪ್ಪ.

“ಅದು ನಾನೂ ಕೇಳಿಸ್ಕೊಂಡೆ ಸಾರ್. ಈಗ ಮೊದಲು ಯಾರನ್ನ?”

“ಅವಳನ್ನ,” ಎಂದರು ಗುರುಶಾಂತಪ್ಪ. ಕಾಲು ಅಲ್ಲಾಡದಿದ್ದರೂ ಕೈ ಮಾತ್ರ, ಯಾರೂ ಹೇಳದೆಯೇ, ಚೆನ್ನಾಗಿ ನಡುಗುತ್ತಿತ್ತು.