ಅಧಿಕೃತ ಜೇಬು

ಗಂಡಸರ ಶರ್ಟಿನ ಎದೆಜೇಬು ನಾಲ್ಕೂವರೆ ಇಂಚು ಅಗಲ, ಐದೂಕಾಲು ಇಂಚು ಆಳ ಇರತಕ್ಕದ್ದು. ಯಾವ ಸರ್ಕಾರವೂ ಆಜ್ಞೆ ಹೊರಡಿಸಿ ಇದನ್ನು ನಿಗದಿ ಮಾಡಿದ್ದಲ್ಲ. ಆದರೂ ಟೈಲರ್ ಮಾಸ್ತರು ಇಪ್ಪತ್ತೆಂಟು ವರ್ಷಗಳಿಂದ ಇದೇ ಅಳತೆಯಲ್ಲಿ ಜೇಬು ಹೊಲಿಯುತ್ತ ಬಂದಿದ್ದಾರೆ, ಜನ ಅದರೊಳಗೆ ಪೆನ್ನು, ಚೀಟಿ, ಕನ್ನಡಕ ಇಟ್ಟುಕೊಂಡು ಸುಖವಾಗಿ ಬಾಳಿದ್ದಾರೆ. ಒಬ್ಬರೂ ದೂರು ಕೊಟ್ಟ ದಾಖಲೆಯಿಲ್ಲ.

ಮಾಸ್ತರ ಹಳೇ ಫೋನು ಇದ್ದದ್ದೂ ಅದೇ ಜೇಬಿನಲ್ಲಿ. ಗುಂಡಿ ಒತ್ತುವ ಫೋನು, ಹೊಸ ಸಾಬೂನಿನಷ್ಟು ದಪ್ಪ. ಹೊಲಿಗೆ ಯಂತ್ರದ ಗಡಗಡ ಸದ್ದಿನಲ್ಲಿ ಅದು ಎಷ್ಟು ಬಡಿದುಕೊಂಡರೂ ಕಿವಿಗೆ ಕೇಳುತ್ತಿರಲಿಲ್ಲ, ಎದೆಗೆ ಗೊತ್ತಾಗುತ್ತಿತ್ತು. ಮಧ್ಯಾಹ್ನ ಸರಿಯಾಗಿ ಎರಡು ಗಂಟೆಗೆ ಎಡಗಡೆ ಗುಂಯ್ ಎಂದು ನಡುಗಿತೆಂದರೆ ಹೆಂಡತಿ ಎಂದೇ ಅರ್ಥ. ಆಕೆ ಆಸ್ಪತ್ರೆಯಲ್ಲಿ ನರ್ಸು. ಮಾಸ್ತರು ಏಳುವ ಹೊತ್ತಿಗೆ ಆಕೆ ಡ್ಯೂಟಿಗೆ ಹೊರಟಿರುತ್ತಾರೆ, ಮಾಸ್ತರು ಅಂಗಡಿ ಮುಚ್ಚಿ ಮನೆ ಸೇರುವಷ್ಟರಲ್ಲಿ ಆಕೆಗೆ ನಿದ್ದೆ ಹತ್ತಿರುತ್ತದೆ. ಹಾಗಾಗಿ ಅವರ ಸಂಸಾರವೆಲ್ಲ ನಡೆಯುತ್ತಿದ್ದದ್ದು ಎರಡು ಗಂಟೆಯ ಆ ಹತ್ತು ನಿಮಿಷದಲ್ಲಿ. ಮಗಳ ಮದುವೆ ಗೊತ್ತಾಗಿದ್ದು, ಮನೆಗೆ ಹಸಿರು ಬಣ್ಣ ಎಂದು ತೀರ್ಮಾನವಾಗಿದ್ದು, ಆ ಹಸಿರಿನ ಬಗ್ಗೆ ಒಂದಿಡೀ ವರ್ಷ ಜಗಳ ನಡೆದು ಮುಗಿದದ್ದು, ಎಲ್ಲ ಆ ಸಾಬೂನಿನಲ್ಲೇ.

ಅಂಥ ಫೋನು ಒಂದು ಬುಧವಾರ ಇಸ್ತ್ರಿಗೆ ನೀರು ಚಿಮುಕಿಸುವ ಮಗ್ಗಿಗೆ ಬಿತ್ತು. ಮೂರು ದಿನ ಅಕ್ಕಿ ಡಬ್ಬದಲ್ಲಿ ಹೂತಿಟ್ಟರೂ ಜೀವ ಬರಲಿಲ್ಲ. ಅಷ್ಟರಲ್ಲಿ ಹೆಂಡತಿ ಹೇಳಬೇಕಾದ್ದನ್ನೆಲ್ಲ ಚೀಟಿಯಲ್ಲಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸತೊಡಗಿದ್ದರು. ಮೊದಲ ದಿನ "ನಲ್ಲಿ ಸೋರುತ್ತಿದೆ." ಎರಡನೇ ದಿನ "ನಿಮ್ಮಕ್ಕ ಬಂದಿದ್ದರು." ಅದರ ಕೆಳಗೇ ಇನ್ನೊಂದು, "ಹೋದರು." ಮಾಸ್ತರು ಚೀಟಿಯನ್ನು ತಿರುಗಿಸಿ ಹಿಂದೆಯೂ ನೋಡಿದರು. ಅಕ್ಕನ ವಿಷಯದಲ್ಲಿ ಹೆಂಡತಿ ಕಡಿಮೆ ಎಂದರೆ ಐದು ನಿಮಿಷ ಮಾತಾಡಬೇಕಿತ್ತು, ಇದು ಎರಡೇ ಸಾಲಿನಲ್ಲಿ ಮುಗಿದುಹೋಗಿತ್ತು. ಶನಿವಾರದ ಚೀಟಿ ನೇರವಾಗಿತ್ತು: "ಸೋಮವಾರ ಎರಡಕ್ಕೆ ಫೋನ್ ಮಾಡುತ್ತೇನೆ. ಎತ್ತಬೇಕು."

ಪ್ರತಿಯೊಂದು ಮನೆತನದಲ್ಲೂ ಫೋನ್ ಆರಿಸುವ ಅಧಿಕಾರ ಒಬ್ಬರ ಕೈಯಲ್ಲಿರುತ್ತದೆ. ಈ ಮನೆಯಲ್ಲಿ ಅದು ಹೆಂಡತಿಯ ತಮ್ಮನಿಗೆ ಸೇರಿದ್ದು. ಈ ಭಾವಮೈದ ಮೂವತ್ತಾರು ವೀಡಿಯೊ ನೋಡಿ, ನೋಟ್ ಪುಸ್ತಕದಲ್ಲಿ ಗೆರೆ ಎಳೆದು, ಯಾವ ಫೋನಿನಲ್ಲಿ ಎಷ್ಟು ಕ್ಯಾಮೆರಾ, ಯಾವುದರಲ್ಲಿ ಚಂದ್ರನ ಕುಳಿ ಕಾಣುತ್ತದೆ ಎಂದು ಕೋಷ್ಟಕ ಮಾಡಿಕೊಂಡು ಭಾನುವಾರ ಬೆಳಗ್ಗೆಯೇ ಹಾಜರಾದ. ಚಂದ್ರನಿಂದ ತಮಗೆ ಫೋನ್ ಬರುವುದಿಲ್ಲ ಎಂದು ಮಾಸ್ತರು ಹೇಳಿ ನೋಡಿದರು. ಅದಕ್ಕೆ ಅವನು, ನಿಮ್ಮಂಥವರಿಂದಲೇ, ಭಾವ, ದೇಶ ಹಿಂದುಳಿದಿರೋದು ಎಂದು ಶೋರೂಮಿಗೆ ಎಳೆದುಕೊಂಡು ಹೋದ.

ಶೋರೂಮಿನಲ್ಲಿ ನೀಲಿ ಕೋಟಿನ ಮಹಿಳೆಯೊಬ್ಬರು ಎದುರುಗೊಂಡರು. ಎದೆಯ ಮೇಲಿನ ಬಿಲ್ಲೆಯಲ್ಲಿ 'ಗ್ರಾಹಕಾನಂದ ಅಧಿಕಾರಿ' ಎಂದಿತ್ತು. ಅವರು ಬಾಯಿ ತೆರೆಯುವ ಮೊದಲೇ ಮಾಸ್ತರು ಕೊರಳಿನಲ್ಲಿದ್ದ ಟೇಪನ್ನು ತೆಗೆದು, ಮೇಜಿನ ಮೇಲೆ ಮಲಗಿದ್ದ ಒಂದು ಫೋನಿನ ಉದ್ದ ಅಳೆದರು. ಇನ್ನೊಂದನ್ನು ಅಳೆದರು. ಹದಿನಾಲ್ಕು ಫೋನು ಅಳೆದು, ಎಲ್ಲದರ ಉದ್ದವೂ ಆರೂವರೆ ಇಂಚಿನ ಮೇಲೇ ಇರುವುದನ್ನು ಕಂಡು ಟೇಪು ಸುತ್ತಿದರು. ಐದೂಕಾಲಿನ ಜೇಬಿನಲ್ಲಿ ಇಟ್ಟರೆ ಒಂದೂಕಾಲು ಇಂಚು ಹೊರಗೆ ಇಣುಕುತ್ತದೆ. ನೂಲುಂಡೆ ಎತ್ತಿಕೊಳ್ಳಲು ಒಂದು ಸಲ ಬಗ್ಗಿದರೆ ಕಥೆ ಮುಗಿಯಿತು.

"ಕ್ಯಾಮೆರಾ ಕೇಳ್ತಾರೆ ಸಾರ್, ಬ್ಯಾಟರಿ ಕೇಳ್ತಾರೆ, ಬಣ್ಣ ಕೇಳ್ತಾರೆ. ಉದ್ದ ಯಾರೂ ಕೇಳಿಲ್ಲ" ಎಂದರು ಅಧಿಕಾರಿ.

ಜೇಬಿಗೆ ಆಗುವಂಥದ್ದು ಇಲ್ಲವೇ ಎಂದು ಮಾಸ್ತರು ವಿಚಾರಿಸಿದರು. ಅಧಿಕಾರಿ ಖಾನೆಯಿಂದ ಒಂದು ಹಾಳೆ ತೆಗೆದು ಓದಿದರು: "ಫೋನು ಜೇಬಿಗೆ ಹೊಂದುವುದು ಸಂಸ್ಥೆಯ ಜವಾಬ್ದಾರಿಯಲ್ಲ. ಹೊಂದಿಕೊಳ್ಳುವ ಗುಣ ಗ್ರಾಹಕನಲ್ಲಿ ಇರತಕ್ಕದ್ದು." ಮಾಸ್ತರು ಯೋಚಿಸಿದರು. ಹೇಳಿ ಕೇಳಿ ತಾವು ಟೈಲರು, ಜೇಬು ತಮ್ಮ ಕೈಯಲ್ಲೇ ಇದೆ. ಹೊಂದಿಕೊಂಡರಾಯಿತು ಎಂದು ಫೋನು ಕೊಂಡರು. ಭಾವಮೈದ ಅವರ ಪರವಾಗಿ ಬಣ್ಣ ಆರಿಸಿದ.

ಅವತ್ತೇ ಮಧ್ಯಾಹ್ನ ಕೂತು ತಮ್ಮ ಶರ್ಟಿನ ಜೇಬು ಬಿಚ್ಚಿ, ಏಳು ಇಂಚು ಆಳದ ಹೊಸ ಜೇಬು ಹೊಲಿದರು. ಅದರ ತಳ ಹೊಟ್ಟೆಯ ಹತ್ತಿರಕ್ಕೆ ಬಂತು. ನೋಡುವುದಕ್ಕೆ ಅಂಚೆ ಡಬ್ಬದ ಥರ ಇತ್ತು ನಿಜ, ಆದರೆ ಫೋನು ಒಳಗೆ ಮಗುವಿನ ಹಾಗೆ ಮಲಗಿತು. ಸೋಮವಾರ ಎರಡಕ್ಕೆ ಎದೆಯಿಂದ ಹೊಟ್ಟೆಯವರೆಗೂ ನಡುಗಿತು. ಮಾಸ್ತರು ಎತ್ತಿದರು.

"ಕೇಳಿಸ್ತಾ?" ಎಂದರು ಹೆಂಡತಿ.

"ಪಕ್ಕದಲ್ಲೇ ಕೂತ ಹಾಗೆ ಕೇಳುತ್ತೆ ಕಣೇ."

ಆ ಕಡೆ ಕುರ್ಚಿ ಎಳೆದುಕೊಂಡ ಸದ್ದಾಯಿತು. ಆಮೇಲೆ, "ನಲ್ಲಿ ಇನ್ನೂ ಸೋರ್ತಾನೇ ಇದೆ" ಎಂದು ಶುರುಮಾಡಿ ಅಕ್ಕನವರೆಗೂ ಬಂದರು. ಮಾಸ್ತರಿಗೆ ಇಷ್ಟು ಖುಷಿಯಾಗಿ ಎಷ್ಟೋ ಕಾಲವಾಗಿತ್ತು.

ಜೇಬಿನ ಸುದ್ದಿ ಬೀದಿಯಲ್ಲಿ ಹಬ್ಬಲು ಒಂದು ವಾರ ಸಾಕಾಯಿತು. ಎಲ್ಲರದೂ ಅದೇ ಗೋಳಾಗಿತ್ತು ನೋಡಿ, ಹೇಳಿಕೊಳ್ಳಲು ನಾಚಿಕೆ ಅಷ್ಟೆ. ಬ್ಯಾಂಕಿನ ಮ್ಯಾನೇಜರು ತಮ್ಮ ಏಳು ಶರ್ಟುಗಳನ್ನೂ ತಂದು ಸುರಿದರು. ನಿವೃತ್ತ ಹೆಡ್‌ಮಾಸ್ಟರು ಮನೆಯಲ್ಲಿ ಹಾಕುವ ಬನಿಯನ್ನಿಗೂ ಜೇಬು ಬೇಕೆಂದರು. ಸಾಲು ಪಕ್ಕದ ಕೊಡೆ ಅಂಗಡಿಯನ್ನು ದಾಟಿತು. ಆಗ ಪತ್ರಿಕೆಯಲ್ಲಿ ಸಂಸ್ಥೆಯ ಪ್ರಕಟಣೆ ಬಂತು:

"ಸಂಸ್ಥೆಯ ಫೋನುಗಳು ಅನಧಿಕೃತ ಜೇಬುಗಳಲ್ಲಿ ವಾಸವಾಗಿರುವುದು ಗಮನಕ್ಕೆ ಬಂದಿರುತ್ತದೆ. ಅಂಥ ಫೋನು ಬಿದ್ದಲ್ಲಿ ಬಿದ್ದದ್ದೆಂದೂ, ಬೀಳದಿದ್ದಲ್ಲಿ ಬೀಳಬಹುದಾಗಿದ್ದದ್ದೆಂದೂ ಪರಿಗಣಿಸಿ ವಾರಂಟಿಯನ್ನು ರದ್ದುಪಡಿಸಲಾಗುವುದು."

ಜನ ಗಾಬರಿಯಾದರು. ಮಾರನೆಯ ದಿನ ಗ್ರಾಹಕಾನಂದ ಅಧಿಕಾರಿ ಖುದ್ದಾಗಿ ಅಂಗಡಿಗೆ ಬಂದು, ಕತ್ತರಿಸುವ ಮೇಜಿನ ಮೇಲೆ ಪರವಾನಗಿ ಪತ್ರ ಬಿಡಿಸಿಟ್ಟರು. ಮಾಸ್ತರು ಒಪ್ಪಿದರೆ ಇಡೀ ಪೇಟೆಗೆ ಅವರದೇ ಅಧಿಕೃತ ಜೇಬು ಕೇಂದ್ರ. ಒಪ್ಪದಿದ್ದರೆ ಎದುರಿನ ಟೈಲರು ಪೆನ್ನು ಹಿಡಿದು ಕಾಯುತ್ತಿದ್ದಾನೆ. ಭಾವಮೈದ ಓದದೆಯೇ ಎಲ್ಲಾ ಪುಟಕ್ಕೂ ಭಾವನ ಸಹಿ ಹಾಕಿಸಿದ. ಅವನು ಅಷ್ಟರಲ್ಲಾಗಲೇ ತನ್ನನ್ನು ಜೇಬು ಸಲಹೆಗಾರ ಎಂದು ನೇಮಿಸಿಕೊಂಡು ಅರ್ಜಿ ನಮೂನೆ ಮಾರಲು ಬಾಗಿಲಲ್ಲಿ ಒಂದು ಸ್ಟೂಲು ಹಾಕಿಕೊಂಡಿದ್ದ.

ನಿಯಮಗಳನ್ನು ಓದಿದ್ದು ಆಮೇಲೆ. ಜೇಬಿಗೆ ಮುಚ್ಚಳವಿರಬೇಕು, ತಳದಲ್ಲಿ ಚಾರ್ಜರಿನ ವೈರು ತೂರುವಷ್ಟು ತೂತಿರಬೇಕು. ಒಳಗೆ ಫೋನಿಟ್ಟ ಮೇಲೆ ಮುಚ್ಚಳವನ್ನು ಸಂಸ್ಥೆಯ ನೀಲಿ ನೂಲಿನಿಂದ ನಾಲ್ಕು ಹೊಲಿಗೆ ಹಾಕಿ ಮುಚ್ಚಬೇಕು, ಏಕೆಂದರೆ ಹೊಲಿದ ಜೇಬಿನಿಂದ ಫೋನು ಬೀಳುವುದಿಲ್ಲ. ಫೋನು ಬೇಕಾದವರು ಕಾರಣ ನಮೂದಿಸಿ ಅರ್ಜಿ ಕೊಡಬೇಕು. ನೋಡಲು, ಮಾತಾಡಲು, ಫೋಟೊ ತೆಗೆಯಲು ಎಂಬ ಮೂರು ಕಾರಣ ಮಾತ್ರ ಊರ್ಜಿತ. ಅಧಿಕೃತ ವ್ಯಕ್ತಿ ಹೊಲಿಗೆ ಬಿಚ್ಚಿ, ಕೆಲಸ ಮುಗಿಯುವವರೆಗೆ ಪಕ್ಕದಲ್ಲಿ ನಿಂತಿದ್ದು, ಮತ್ತೆ ಹೊಲಿಯಬೇಕು. ಅಧಿಕೃತ ವ್ಯಕ್ತಿ ಇತರರಿಗೆ ಮಾದರಿಯಾಗಿ ತಾನೂ ಹೊಲಿದ ಜೇಬನ್ನೇ ಧರಿಸಬೇಕು, ಆದರೆ ಸ್ವಹಿತಾಸಕ್ತಿಯ ಕಾರಣ ತನ್ನ ಜೇಬನ್ನು ತಾನೇ ಬಿಚ್ಚುವಂತಿಲ್ಲ. ಅದಕ್ಕೆ ನದಿಯಾಚೆ ಇರುವ ಕೇಂದ್ರಕ್ಕೆ ಹೋಗಬೇಕು. ಆ ಕೇಂದ್ರಕ್ಕೆ ಒಂದೂವರೆಯಿಂದ ಮೂರರವರೆಗೆ ಊಟದ ಬಿಡುವು.

ಜನರ ಮಟ್ಟಿಗೆ ಯಾವ ತೊಂದರೆಯೂ ಆಗಲಿಲ್ಲ. ಬ್ಯಾಂಕಿನ ಮ್ಯಾನೇಜರು ದಿನಾ ಬೆಳಗ್ಗೆ 'ನೋಡಲು' ಎಂದು ಅರ್ಜಿ ಬರೆದು, ಸಾಲಿನಲ್ಲಿ ನಿಂತು, ನೋಡಿ ಹೋಗುತ್ತಿದ್ದರು. ಹೆಡ್‌ಮಾಸ್ಟರು, ಮೊದಲಾಗಿದ್ದರೆ ತಿಂಗಳಿಗೊಂದು ಗೀರು ಬೀಳುತ್ತಿತ್ತು, ಈಗ ಫೋನು ನೋಡಿ ಎರಡು ತಿಂಗಳಾಯಿತು, ಒಂದು ಗೀರೂ ನೋಡಿಲ್ಲ ಎಂದು ಎಲ್ಲರ ಮುಂದೆ ಹೇಳಿಕೊಂಡರು. ಚಾರ್ಜು ನಾಲ್ಕು ನಾಲ್ಕು ದಿನ ಬರತೊಡಗಿತು. ಸಂಸ್ಥೆ ಅದನ್ನು ಹೊಸ ಬ್ಯಾಟರಿಯ ಸಾಧನೆ ಎಂದು ಜಾಹೀರಾತು ಕೊಟ್ಟಿತು, ಅದನ್ನು ಓದಿ ಜನ ಇನ್ನಷ್ಟು ಕೊಂಡರು.

ಮಾಸ್ತರ ಜೇಬಿಗೆ ಹೊಲಿಗೆ ಬಿದ್ದದ್ದು ಒಂದು ಗುರುವಾರ ಬೆಳಗ್ಗೆ, ನದಿಯಾಚೆಯ ಟೈಲರನ ಕೈಯಿಂದ. ಅಂದು ಮಧ್ಯಾಹ್ನ ಅಧಿಕಾರಿ ತಪಾಸಣೆಗೆ ಬಂದು ಎದುರಿಗೇ ಕೂತಿದ್ದರು. ಎರಡು ಗಂಟೆಗೆ ಎದೆ ನಡುಗಿತು. ಮಾಸ್ತರ ಕೈ ತಾನಾಗಿಯೇ ಹೊಲಿಗೆ ಬಿಚ್ಚುವ ಬ್ಲೇಡಿನ ಕಡೆ ಹೋಯಿತು. ಅಧಿಕಾರಿ ಪೆನ್ನಿನ ಮುಚ್ಚಳ ತೆಗೆದರು. ಬಾಗಿಲಲ್ಲಿ ಭಾವಮೈದ ಕೆಮ್ಮಿದ. ಹೊರಗೆ ಸಾಲು ಕೊಡೆ ಅಂಗಡಿ ದಾಟಿ ಔಷಧಿ ಅಂಗಡಿಯವರೆಗೆ ಹೋಗಿತ್ತು. ಇಪ್ಪತ್ತೆಂಟು ವರ್ಷ ಊರಿನವರ ಹೊಲಿಗೆಯೆಲ್ಲ ಬಿಚ್ಚಿದ ಕೈ ಆ ನಾಲ್ಕು ಹೊಲಿಗೆ ಬಿಚ್ಚಲಾರದೆ ಯಂತ್ರದ ಮೇಲೆ ಕೂತಿತು. ಫೋನು ಇನ್ನೂ ಸ್ವಲ್ಪ ಹೊತ್ತು ನಡುಗಿ ಸುಮ್ಮನಾಯಿತು. ಮಾಸ್ತರಿಗೆ ಅಳು ಬಂದ ಹಾಗಾಗಿ, ಸೂಜಿಗೆ ದಾರ ಪೋಣಿಸುವವರಂತೆ ತಲೆ ತಗ್ಗಿಸಿದರು.

ಆ ಸಂಜೆ ಬೇಗ ಅಂಗಡಿ ಮುಚ್ಚಿ ಮನೆಗೆ ಓಡಿದರು. ಹೆಂಡತಿ ಅಡುಗೆಮನೆಯಲ್ಲಿ, ಸೋರುವ ನಲ್ಲಿಯ ಕೆಳಗೆ ಪಾತ್ರೆ ಬದಲಿಸುತ್ತಿದ್ದರು.

"ನಾಲ್ಕೇ ಹೊಲಿಗೆ ಅಲ್ವೇನ್ರೀ?"

"ಆ ಮೇಡಂ ಎದುರಿಗೇ ಕೂತಿದ್ರು ಕಣೇ."

ಆಕೆ ಹತ್ತಿರ ಬಂದು, ವಾರ್ಡಿನಲ್ಲಿ ರೋಗಿಯ ಗಾಯ ನೋಡುವ ಹಾಗೆ ಜೇಬನ್ನು ಬೆರಳಿನಿಂದ ಸವರಿ ನೋಡಿದರು. "ನಾವೂ ದಿನಾ ಹೊಲಿಗೆ ಹಾಕ್ತೀವಿ. ಒಳಗಿರೋದು ಬದುಕ್ಲಿ ಅಂತ ಹಾಕ್ತೀವಿ" ಎಂದು ಒಳಗೆ ಹೋದರು.

ಹಾಗೆಂದು ಆಕೆ ಸುಮ್ಮನೆ ಕೂರುವ ಪೈಕಿ ಅಲ್ಲ. ಗಂಡನ ಜೇಬು ಬಿಚ್ಚುವ ಅಧಿಕಾರ ತಮಗೆ ಕೊಡಬೇಕೆಂದು ಸಂಸ್ಥೆಗೆ ಅರ್ಜಿ ಹಾಕಿದರು. 'ಅರ್ಜಿದಾರರು ಜೇಬುದಾರರನ್ನು ಮದುವೆಯಾಗಿರುವುದು ಕಂಡುಬಂದ ಕಾರಣ ತಿರಸ್ಕರಿಸಿದೆ' ಎಂದು ಉತ್ತರ ಬಂತು. ಪರವಾನಗಿ ವಾಪಸು ಕೊಟ್ಟುಬಿಡುತ್ತೇನೆ ಎಂದು ಮಾಸ್ತರು ಎರಡು ಸಲ ಬಾಯಿಬಿಟ್ಟರು. ಎರಡು ಸಲವೂ ಎದುರಿನ ಟೈಲರನ ಮುಖ ಕಣ್ಣೆದುರು ಬಂದು ಮಾತು ನುಂಗಿಕೊಂಡರು. ಕೊನೆಗೆ ಹೆಂಡತಿಯೇ ಒಂದು ಪಟ್ಟಿ ಬರೆದು ಫ್ರಿಜ್ಜಿಗೆ ಅಂಟಿಸಿದರು. ಒಂದು ಸಲ ನಡುಗಿ ನಿಂತರೆ ಊಟ ಆಯ್ತು ಎಂದು. ಎರಡು ಸಲವಾದರೆ ಬರುವುದು ತಡವಾಗುತ್ತದೆ ಎಂದು. ಮೂರಾದರೆ ಹಾಲು ತರಬೇಕು.

ವ್ಯವಸ್ಥೆ ಚೆನ್ನಾಗಿಯೇ ನಡೆಯಿತು. ಎರಡು ಗಂಟೆಯಾದರೆ ಮಾಸ್ತರು ಯಂತ್ರ ನಿಲ್ಲಿಸಿ, ಎದೆಯ ಮೇಲೆ ಅಂಗೈ ಇಟ್ಟು ಎಣಿಸುತ್ತಿದ್ದರು. ಸಾಲಿನಲ್ಲಿದ್ದವರೂ ಮಾತು ನಿಲ್ಲಿಸಿ ಎಣಿಸುತ್ತಿದ್ದರು, "ಮೂರು ಮಾಸ್ತರೇ, ಹಾಲು" ಎಂದು ಜ್ಞಾಪಿಸುತ್ತಿದ್ದರು. ಪಟ್ಟಿಯಲ್ಲಿ ಜಗಳಕ್ಕೆ ಸಂಖ್ಯೆ ಇಲ್ಲದ್ದರಿಂದ ಮನೆಯಲ್ಲಿ ಜಗಳ ನಿಂತುಹೋಯಿತು. ಅದನ್ನೇ ಮಾಸ್ತರಿಗೆ ತಡೆಯಲಾಗುತ್ತಿರಲಿಲ್ಲ. ಹಸಿರು ಬಣ್ಣಕ್ಕೆ ಆಕೆ ಬೈದ ದನಿ ನೆನಪಾಗಿ, ಕಾಲರಿಗೆ ಕಫ್ ಜೋಡಿಸಿ, ಮತ್ತೆ ಬಿಚ್ಚುತ್ತಿದ್ದರು.

ಹೀಗಿರುವಾಗ ಒಂದು ದಿನ ಎರಡು ಗಂಟೆಗೆ ನಾಲ್ಕು ಸಲ ನಡುಗಿತು.

ನಾಲ್ಕಕ್ಕೆ ಅರ್ಥವಿರಲಿಲ್ಲ. ಮಾಸ್ತರು ಸಾಲಿನ ಮುಖ ನೋಡಿದರು, ಸಾಲು ಮಾಸ್ತರ ಮುಖ ನೋಡಿತು. ಮಗಳಿಗೇನಾದರೂ ಆಯಿತೇ, ಅಕ್ಕನಿಗೇ, ಆಕೆಗೇ? ಮ್ಯಾನೇಜರ ಜೇಬು ಅರ್ಧ ಬಿಚ್ಚಿದ್ದನ್ನು ಹಾಗೇ ಬಿಟ್ಟು, ಕೊರಳಲ್ಲಿ ಟೇಪು ತೂಗಾಡಿಸಿಕೊಂಡು, ಚಪ್ಪಲಿಯನ್ನೂ ಮೆಟ್ಟದೆ ಆಸ್ಪತ್ರೆಗೆ ಓಡಿದರು. ಹೆಂಡತಿ ವಾರ್ಡಿನ ಬಾಗಿಲಲ್ಲಿ ಮಾತ್ರೆಯ ತಟ್ಟೆ ಹಿಡಿದು ನಿಂತಿದ್ದರು.

"ಏನಾಯ್ತು? ನಾಲ್ಕು ಬಂತು."

ಆಕೆ ಆ ಕಡೆ ಈ ಕಡೆ ನೋಡಿದರು. "ಏನಿಲ್ಲ. ಸುಮ್ನೆ ಮಾಡ್ದೆ."

"ಸುಮ್ನೆ ಅಂದ್ರೆ?"

"ಸುಮ್ನೆ ಅಂದ್ರೆ ಸುಮ್ನೆ. ಎಲ್ಲದಕ್ಕೂ ಒಂದು ಕಾರಣ ಬೇಕೇನ್ರೀ ನಿಮಗೆ?"

ಅಲ್ಲೇ ಗೋಡೆಗೆ ಒರಗಿ ನಿಂತು ಇಬ್ಬರೂ ಹತ್ತು ನಿಮಿಷ ನಲ್ಲಿಯ ವಿಷಯಕ್ಕೆ ಮನಸಾರೆ ಜಗಳವಾಡಿದರು. ಮಾಸ್ತರು ಬರಿಗಾಲಿನಲ್ಲೇ ನಗುತ್ತ ಅಂಗಡಿಗೆ ವಾಪಸಾದರು. ಸಂಜೆ ಫ್ರಿಜ್ಜಿನ ಪಟ್ಟಿಯಲ್ಲಿ ಹೊಸ ಸಾಲು ಸೇರಿತ್ತು: "ನಾಲ್ಕು: ಸುಮ್ಮನೆ."

ವರ್ಷ ಕಳೆದ ಮೇಲೆ ಅಧಿಕಾರಿ ಪರವಾನಗಿ ನವೀಕರಣಕ್ಕೆ ಬಂದರು. ಜೊತೆಗೆ ಅರ್ಧ ಇಂಚು ಹೆಚ್ಚು ಉದ್ದದ ಹೊಸ ಫೋನು ಬಂದಿತ್ತು. ಊರಿನ ಜೇಬುಗಳನ್ನೆಲ್ಲ ಬಿಚ್ಚಿ ಮತ್ತೆ ಹೊಲಿಯಬೇಕಿತ್ತು, ಅದಕ್ಕಾಗಿ ಜನ ಹಿಂದಿನ ದಿನದಿಂದಲೇ ಉತ್ಸಾಹದಿಂದ ನಿಂತಿದ್ದರು. ಅಧಿಕಾರಿ ಆನಂದ ಸಮೀಕ್ಷೆಯ ಹಾಳೆ ತೆಗೆದು ಪ್ರಶ್ನೆ ಕೇಳುತ್ತಿರುವಾಗ ಎರಡು ಗಂಟೆಯಾಯಿತು. ಮಾಸ್ತರು ಎದೆಯ ಮೇಲೆ ಕೈ ಇಟ್ಟುಕೊಂಡರು. ಸಾಲು ಎಣಿಸಿತು. ನಾಲ್ಕು.

"ಅರ್ಜೆಂಟಾ ಸಾರ್?"

"ಇಲ್ಲ ಮೇಡಂ, ಸುಮ್ನೆ. ಮನೆಯಿಂದ."

ಮಾಸ್ತರ ಮುಖವನ್ನು ಅಧಿಕಾರಿ ಅಗತ್ಯಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ನೋಡಿದರು. ಆಮೇಲೆ 'ಗ್ರಾಹಕರು ಫೋನಿನ ಎಲ್ಲ ಸೌಲಭ್ಯಗಳನ್ನೂ ಸಂಪೂರ್ಣವಾಗಿ ಆನಂದಿಸುತ್ತಿದ್ದಾರೆ' ಎಂಬ ಚೌಕಕ್ಕೆ ಗುರುತು ಹಾಕಿ, ಐದು ನಕ್ಷತ್ರ ಕೊಟ್ಟು, ಸಹಿ ಹಾಕಿಸಿಕೊಂಡರು. ಕೆಲಸ ಮುಗಿದ ಮೇಲೂ ಎದ್ದು ಹೋಗಲಿಲ್ಲ. ದನಿ ತಗ್ಗಿಸಿ, ತಮ್ಮ ಕೋಟಿನ ಜೇಬೂ ಹೊಲಿದಿದೆ, ಅದನ್ನೊಂದು ಸಲ ಬಿಚ್ಚಿಸಬೇಕಿತ್ತು ಎಂದರು. ಭಾವಮೈದ ನಮೂನೆ ಕೊಟ್ಟ. ಅವರು ತುಂಬಿ ಕೊಟ್ಟದ್ದನ್ನು ಮಾಸ್ತರು ಕನ್ನಡಕ ಹಾಕಿಕೊಂಡು ಓದಿದರು. ಕಾರಣ ಎಂಬ ಜಾಗದಲ್ಲಿ 'ಸುಮ್ಮನೆ' ಎಂದಿತ್ತು.

ಮಾಸ್ತರಿಗೆ ಪಾಪ ಅನ್ನಿಸಿತು. ಆದರೆ ನಿಯಮ ನಿಯಮವೇ.

"ಈ ಕಾರಣ ನಮ್ಮಲ್ಲಿ ಇಲ್ಲ ಮೇಡಂ" ಎಂದು ಅರ್ಜಿ ಹಿಂದಿರುಗಿಸಿದರು.

ಅಧಿಕಾರಿ ಬೇಸರಪಟ್ಟುಕೊಳ್ಳಲಿಲ್ಲ. ಅದನ್ನು ಹೊಡೆದುಹಾಕಿ, 'ನೋಡಲು' ಎಂದು ತಿದ್ದಿ, ಔಷಧಿ ಅಂಗಡಿ ದಾಟಿ ಹೋಗಿ ಸಾಲಿನ ಕೊನೆಯಲ್ಲಿ ನಿಂತರು.