ಟವೆಲ್ಲಿನ ಕೆಳಗೆ ಡಾಟ್ ಕಾಮ್

ಡಾಟ್ ಕಾಮಿನ ಬಾಯಿ ಬಿಡಿಸಿ ಹಲ್ಲು ಎಣಿಸಿದ ಮನುಷ್ಯ ಈ ಭೂಮಿಯ ಮೇಲೆ ಒಬ್ಬನೇ ಇದ್ದಾನೆ. ಅವನು ನಮ್ಮ ಸೋದರಮಾವ. ನಗಬೇಡಿ! ನಾನು ನಕ್ಕಿದ್ದಕ್ಕೆ ಮಹಾರಾಯ ಒಂದು ವಾರ ನಮ್ಮ ಮನೆಯ ಕಾಫಿ ಮುಟ್ಟಲಿಲ್ಲ.

ಮಾವನ ಊರು ಕಿರುಗಾವಲಿನ ಹತ್ತಿರ. ಕಸುಬು ದನದ ದಲ್ಲಾಳಿಕೆ. ಬಾಯಿ ಬಿಡಿಸಿ ಹಲ್ಲು ನೋಡಿ ಎತ್ತಿನ ವಯಸ್ಸು ಹೇಳುತ್ತಿದ್ದ. ಮಲಗಿದ ಎತ್ತು ಎದ್ದು ನಿಲ್ಲುವುದರೊಳಗೆ ಅದರ ಬೆಲೆ ಕಟ್ಟಿಬಿಡುತ್ತಿದ್ದ. ಆ ಬೆಲೆಯನ್ನು ಬಾಯಿಬಿಟ್ಟು ಮಾತ್ರ ಹೇಳುತ್ತಿರಲಿಲ್ಲ. ಕೊಳ್ಳುವವನ ಕೈ ಹಿಡಿದು, ಮೇಲೆ ಟವೆಲ್ ಹಾಕಿ, ಒಳಗೆ ಬೆರಳು ಒತ್ತಿ ಹೇಳುತ್ತಿದ್ದ. ಒಂದು ಬೆರಳಿಗೆ ಒಂದು ಲೆಕ್ಕ, ಅರ್ಧ ಬೆರಳಿಗೆ ಇನ್ನೊಂದು ಲೆಕ್ಕ. ಪಕ್ಕದಲ್ಲಿ ನಿಂತವರಿಗೆ ಕಾಣುವುದು ಟವೆಲ್ ಅಲ್ಲಾಡುವುದು ಮಾತ್ರ.

ಇಂಥವನು ಕೆಲವು ವರ್ಷದ ಹಿಂದೆ ಇದ್ದಕ್ಕಿದ್ದಂತೆ ದಲ್ಲಾಳಿ ಕೆಲಸ ಬಿಟ್ಟ. ಟ್ರ್ಯಾಕ್ಟರ್ ಬಂದಮೇಲೆ ಎತ್ತು ಯಾರಿಗೆ ಬೇಕು ಅಂತ ನಾವೆಲ್ಲ ಅಂದುಕೊಂಡೆವು. ಬಿಟ್ಟಿದ್ದೂ ಎಂಥ ಬಿಟ್ಟಿದ್ದು ಅಂತೀರಿ! ಎದುರಿಗೆ ಕಬ್ಬಿನ ಗಾಡಿ ಬಂದರೆ ಎತ್ತಿನ ಮುಖ ನೋಡದೆ ರಸ್ತೆ ದಾಟಿ ಆಚೆ ಕಡೆ ಹೋಗಿಬಿಡುವನು. "ಏನ್ ಮಾವ, ದನದ ದಲ್ಲಾಳಿಗೆ ದನ ಕಂಡ್ರೆ ಭಯಾನಾ?" ಅಂತ ನಾನು ಎಷ್ಟು ಸಲ ರೇಗಿಸಿದ್ದೇನೋ. ಅವನು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಮುಂದೆ ನಡೆಯುತ್ತಿದ್ದ.

ಕೆಲಸ ಬಿಟ್ಟ ದಲ್ಲಾಳಿಯನ್ನು ಮನೆಯಲ್ಲಿಟ್ಟುಕೊಳ್ಳುವ ಕಷ್ಟ ಏನು ಅಂತ ಅವನ ಹೆಂಡತಿ ನಮ್ಮತ್ತೆಯನ್ನು ಕೇಳಬೇಕು. ಬಂದ ನೆಂಟರ ಸೀರೆಗೆ ಬೆಲೆ ಕಟ್ಟುತ್ತಾನೆ. ಸತ್ಯನಾರಾಯಣ ಪೂಜೆಗೆ ಬಂದ ಪುರೋಹಿತರ ಮೊಪೆಡ್ಡಿನ ಸುತ್ತ ಎರಡು ಸುತ್ತು ಬಂದು, "ಸ್ವಾಮಿ, ಇಂದ್ಗಡೆ ಕಾಲು ಸ್ವಲ್ಪ ಎಳೀತೈತೆ" ಅನ್ನುತ್ತಾನೆ. ನನ್ನನ್ನು ನೋಡಲು ಗಂಡಿನ ಕಡೆಯವರು ಬಂದಿದ್ದಾಗ, ಆಗಿನ್ನೂ ಕಸುಬಿನ ಬಿಸಿಯಲ್ಲಿದ್ದ, ತುಂಬಿದ ಸಭೆಯಲ್ಲಿ "ಗಂಡಿನ್ ಅಲ್ಲು ಚೆನ್ನಾಗವೆ, ಇನ್ನೂ ಬಾಳ ವರ್ಸ ಗೇಯ್ತಾನೆ" ಅಂದುಬಿಟ್ಟ! ನಮ್ಮೆಜಮಾನರು ಇವತ್ತಿಗೂ ಮಾವನ ಮುಂದೆ ಬಾಯಿ ತೆರೆದು ನಗುವುದಿಲ್ಲ.

ಇನ್ನು ಈ ಡಾಟ್ ಕಾಮ್ ಹುಳವನ್ನು ಅವನ ತಲೆಗೆ ಬಿಟ್ಟವಳು ನಾನೇ. ನಾನು ಭಾರತೀನಗರದ ಒಂದು ಕಾಲೇಜಿನಲ್ಲಿ ಪಾಠ ಹೇಳುತ್ತೇನೆ. ನಮ್ಮ ವಿಭಾಗಕ್ಕೊಂದು ವೆಬ್‌ಸೈಟ್ ಮಾಡೋಣ ಅಂತ ಹೊರಟರೆ, ನಮಗೆ ಬೇಕಾದ ಹೆಸರನ್ನು ಯಾರೋ ಪುಣ್ಯಾತ್ಮ ಮೊದಲೇ ಕೊಂಡು ಕೂತಿದ್ದ. ಬೇಕಿದ್ದರೆ ಇಷ್ಟು ಕೊಡಿ ಅಂತ ಬಾಯಿಗೆ ಬಂದ ಬೆಲೆ ಹೇಳಿದ. ಮಾವನ ಮನೆಯಲ್ಲಿ ಊಟಕ್ಕೆ ಕೂತಾಗ ಇದನ್ನು ಹೇಳಿಕೊಂಡು ಗೊಣಗಿದೆ. ಮಾವ ಮುದ್ದೆ ಮುರಿಯುತ್ತಿದ್ದ ಕೈ ನಿಲ್ಲಿಸಿದ.

"ಅಂದ್ರೆ, ಎಸ್ರು ಮಾರ್ತಾರಾ?"

"ಮಾರ್ತಾರೆ ಮಾವ. ವರ್ಷಕ್ಕೊಂದ್ಸಲ ಸ್ವಲ್ಪ ದುಡ್ಡು ಕಟ್ಟಿ ಇಟ್ಕೊಂಡಿರ್ತಾರೆ, ಬೇಕಾದವರು ಬಂದಾಗ ಮಾರ್ತಾರೆ."

"ಮೇವು?"

"ಹೆಸರಿಗೆ ಯಾವ ಮೇವು ಮಾವ!"

"ಕೊಟ್ಗೆ ಬ್ಯಾಡ, ಸಗಣಿ ಬಾಚಂಗಿಲ್ಲ, ಕಾಯಿಲೆ ಇಲ್ಲ, ಸಾವಿಲ್ಲ," ಅಂತ ತನಗೆ ತಾನೇ ಹೇಳಿಕೊಂಡು ಮಾವ ಎದ್ದು ಕೈ ತೊಳೆದ. ಅವನ ಮುಖದಲ್ಲಿ ಅಷ್ಟು ಬೆಳಕನ್ನು ನಾನು ಎಷ್ಟೋ ದಿನದ ಮೇಲೆ ನೋಡಿದೆ.

ಅಲ್ಲಿಂದ ಶುರುವಾಯಿತು ನೋಡಿ ನನ್ನ ಗ್ರಹಚಾರ! ಹೆಸರಿನ ಅಕ್ಷರಗಳೇ ಹಲ್ಲು. ಕಡಿಮೆ ಇದ್ದಷ್ಟೂ ಹರೆಯದ ಮಾಲು, ಹೆಚ್ಚಾದರೆ ಮುದಿ. ಡಾಟ್ ಕಾಮ್ ಅಂದರೆ ಹಳ್ಳಿಕಾರ್ ತಳಿ, ಡಾಟ್ ಇನ್ ನಾಟಿ, ಮಿಕ್ಕಿದ್ದೆಲ್ಲ ಸೀಮೆಹಸು. ಹೆಸರಿನ ನಡುವೆ ಅಡ್ಡಗೀಟು ಇದ್ದರಂತೂ, ಮೈಮೇಲೆ ಕೆಟ್ಟ ಕೂದಲ ಸುಳಿ ಇದ್ದ ಎತ್ತಿನಂತೆ, ಮುಟ್ಟುವುದೇ ಇಲ್ಲ. "ಸುಳಿ ಕೆಟ್ಟೈತೆ ಕಣವ್ವ, ಕಟ್ಕೊಂಡೋನು ಉದ್ಧಾರ ಆಗಾಕಿಲ್ಲ." ನಾನು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದೆ. ಆಮೇಲೆ ಇಂಟರ್ನೆಟ್ಟಿನಲ್ಲಿ ಹುಡುಕಿ ನೋಡಿದರೆ, ದೊಡ್ಡ ದೊಡ್ಡ ಪಂಡಿತರು ಹೇಳುವುದೂ ಅದೇ ಅನ್ನಿ! ಹೆಸರು ಚಿಕ್ಕದಿರಬೇಕು, ನಡುವೆ ಗೀಟು ಇರಬಾರದು, ಡಾಟ್ ಕಾಮ್ ಆಗಿದ್ದರೆ ಒಳ್ಳೆಯದು. ಸುಳಿಯ ವಿಷಯ ಮಾತ್ರ ಅವರಿಗೆ ಗೊತ್ತಿಲ್ಲ.

ಕೆಲವು ಹೆಸರು ಕೊಂಡ. ಮುದ್ದೆಯ ಮೇಲೊಂದು, ಹುರುಳಿಸಾರಿನ ಮೇಲೊಂದು, ಇನ್ನೂ ಏನೇನೋ. ಒಂದೂ ಹೋಗಲಿಲ್ಲ. ವರ್ಷ ತುಂಬಿದ ಹಾಗೆ ಒಂದೊಂದೇ ಕೈಬಿಟ್ಟು, ಕೊನೆಗೆ ಉಳಿದದ್ದು 'ಬಿಸಿಪಾಕ ಡಾಟ್ ಕಾಮ್'. ಆಲೆಮನೆಯ ಕೊಪ್ಪರಿಗೆಯಲ್ಲಿ ಕುದಿಯುವ ಬೆಲ್ಲದ ಪಾಕ ನೆನೆಸಿಕೊಂಡು ಇಟ್ಟ ಹೆಸರು. ಅದರ ಮೇಲೆ ಅವನಿಗೆ ಎಲ್ಲಿಲ್ಲದ ಪ್ರೀತಿ. ಅತ್ತೆ ಖಡಾಖಂಡಿತವಾಗಿ ಹೇಳಿದಳು: "ಯುಗಾದಿ ಒಳ್ಗೆ ಮಾರುದ್ರೆ ಸರಿ. ಇಲ್ಲಾಂದ್ರೆ ಇದ್ನೂ ಬುಟ್ಟು, ತೆಪ್ಪಗೆ ಜಗ್ಲಿ ಮೇಲೆ ಕೂತ್ಕಳಿ. ದಲ್ಲಾಳಿಕೆ ಅನ್ನೋ ಮಾತು ಈ ಮನೇಲಿ ಎತ್ತಂಗಿಲ್ಲ." ಮಾವ ಆಯ್ತು ಅಂದ. ಆದರೆ ಅವನ ಮುಖ ಸಣ್ಣದಾಯಿತು. ಇದನ್ನೂ ಮಾರದೆ ಕೈಬಿಟ್ಟರೆ ಅವನು ಯಾವುದಕ್ಕೂ ದಲ್ಲಾಳಿಯಲ್ಲ, ಬರೀ ಜಗಲಿಯ ಮೇಲೆ ಕೂತ ಮುದುಕ.

ಎತ್ತನ್ನು ಕೊಳ್ಳುವ ಮೊದಲು ನಡೆಸಿ ನೋಡುತ್ತಾರಲ್ಲ, ಹಾಗೆ ಹೆಸರನ್ನೂ ನಡೆಸಿ ನೋಡಬೇಕು ಅಂತ ಮಾವ ಮದ್ದೂರು ಬಸ್ ಸ್ಟ್ಯಾಂಡಿಗೆ ಹೊರಟ. ಜೊತೆಗೆ ನಾನು. ಒಂದು ಸಲ ಕೇಳಿದವರು ತಪ್ಪಿಲ್ಲದೆ ತಿರುಗಿ ಹೇಳಿದರೆ ನಡಿಗೆ ಚೆನ್ನಾಗಿದೆ ಅಂತ ಲೆಕ್ಕವಂತೆ. ಹೊರಡಲು ನಿಂತಿದ್ದ ಮಳವಳ್ಳಿ ಬಸ್ಸಿನ ಕಂಡಕ್ಟರನ ಹತ್ತಿರ ಹೋಗಿ ಗಟ್ಟಿಯಾಗಿ "ಬಿಸಿಪಾಕ!" ಅಂದ.

ಕಂಡಕ್ಟರು ತಲೆ ಎತ್ತದೆ ಹೇಳಿದ: "ಬಿಸಿಪಾಕಕ್ಕೆ ಈ ಬಸ್ ಓಗಾಕಿಲ್ಲ ಯಜಮಾನ್ರೆ. ಮಳವಳ್ಳೀಲಿ ಇಳ್ದು ಹಲಗೂರು ಬಸ್ಸತ್ತಿ, ಅಲ್ಲಿ ಕೇಳಿ, ಏಳ್ತಾರೆ."

ನನಗೆ ನಗು ತಡೆಯಲಾಗಲಿಲ್ಲ. ಮಾವನಿಗೋ ಸಂತೋಷವೇ ಸಂತೋಷ! "ನೋಡ್ದಾ? ಒಂದೇ ಸಲಕ್ಕೆ ನಾಲ್ಗೆ ಮೇಲೆ ಬಂತು. ಊರೇ ಐತೆ ಅಂದ್ಕಂಡ!"

ಇಷ್ಟಾದ ಮೇಲೆ ಹೆಸರುಗಳನ್ನು ಮಾರುವ ಒಂದು ತಾಣದಲ್ಲಿ ನಾನೇ ಬಿಸಿಪಾಕವನ್ನು ಹಾಕಿದೆ. ಆ ತಾಣ ತಾನೇ ಲೆಕ್ಕ ಹಾಕಿ ಒಂದು ಅಂದಾಜು ಬೆಲೆ ತೋರಿಸಿತು. ಒಂದು ಒಳ್ಳೆ ಕೊಡೆಯ ಬೆಲೆ. ಮಾವ ಕೆಂಡವಾದ. "ಯಾರ್ ಕಟ್ಟಿದ್ದು ಈ ಬೆಲೇನ?"

"ಯಂತ್ರ ಮಾವ."

"ಅದು ಯಾವತ್ತಾದ್ರೂ ಆಲೆಮನೆ ಮುಂದೆ ನಿಂತ್ಕೊಂಡು ಪಾಕದ್ ವಾಸ್ನೆ ಕುಡ್ದೈತಾ? ಅದ್ಕೇನ್ ಗೊತ್ತು!"

ಬೆಲೆಯ ಜಾಗದಲ್ಲಿ ಏನು ಬರೆಯಲಿ ಅಂದರೆ, ಬೆಲೆ ಬರೆಯುವ ಪದಾರ್ಥವೇ ಅಲ್ಲವಂತೆ. 'ಖುದ್ದಾಗಿ ಬಂದು ಮಾತಾಡಿ' ಅಂತ ಬರೆಸಿದ. ಅದನ್ನು ನೋಡಿ ಬರುವ ಮೂರ್ಖ ಯಾರಿದ್ದಾನೆ ಅಂತ ನಾನಂದುಕೊಂಡೆ. ಬಂದನಲ್ಲ ಒಬ್ಬ! ಬೆಂಗಳೂರಿನ ಯಾವುದೋ ಕಂಪನಿಯ ಹುಡುಗ, ಮೈಸೂರಿಗೆ ಹೋಗುವ ದಾರಿಯಲ್ಲಿ ಮದ್ದೂರಿನಲ್ಲಿ ಸಿಗುತ್ತೇನೆ ಅಂತ ಫೋನ್ ಮಾಡಿದ.

ಹೋಟೆಲಿನಲ್ಲಿ ವಡೆ ಕಾಫಿ ಆಯಿತು. ಮಾವ ಹುಡುಗನ ಕೈ ಹಿಡಿದು ಮೇಲೆ ಟವೆಲ್ ಹಾಕಿದ. ಹುಡುಗ ಬೆಚ್ಚಿ ನನ್ನ ಮುಖ ನೋಡಿದ. ಏನೂ ಆಗಲ್ಲ ಅಂತ ನಾನು ಸನ್ನೆ ಮಾಡಿದೆ. ಈ ಕಡೆ ಕೈ ಕುಲುಕುವ ರೀತಿಯೇ ಹೀಗೆ ಅಂದುಕೊಂಡಿತೋ ಏನೋ ಪಾಪ, "ನೈಸ್ ಟು ಮೀಟ್ ಯು ಅಂಕಲ್" ಅನ್ನುತ್ತಾ ಮಾವನ ಐದೂ ಬೆರಳು ಹಿಡಿದು ಜೋರಾಗಿ ಕುಲುಕಿತು. ಮಾವ ಬೆವೆತುಹೋದ. ಅವನು ಎರಡು ಬೆರಳು ಕೇಳಬೇಕು ಅಂತಿದ್ದ, ಹುಡುಗ ತಾನಾಗೇ ಐದು ಕೊಡುತ್ತಿದ್ದಾನೆ! ಕೊನೆಗೆ ನಾನೇ ಮಧ್ಯೆ ಬಂದು ನಾಚಿಕೆ ಬಿಟ್ಟು ಬಾಯಲ್ಲೇ ಬೆಲೆ ಮಾತಾಡಿಸಿದೆ. ಹುಡುಗ ಹೇಳಿದ ಬೆಲೆ ಮಾವನ ಎರಡು ಬೆರಳಿಗಿಂತ ಹೆಚ್ಚೇ ಇತ್ತು. ಗೆದ್ದೆವು ಅಂದುಕೊಂಡು ನಾನು ಇನ್ನೊಂದು ವಡೆಗೆ ಹೇಳಿದೆ.

ಆಗ ಮಾವ ಕೇಳಿದ: "ತಗಂಡೋಗಿ ಏನ್ ಮಾಡೀರಿ?"

"ಏನಿಲ್ಲ ಅಂಕಲ್, ಸುಮ್ನೆ ಇಟ್ಕೋತೀವಿ. ಒಳ್ಳೆ ಬೆಲೆ ಬಂದಾಗ ಬೇರೆಯವರಿಗೆ ದಾಟಿಸಿಬಿಡ್ತೀವಿ."

ಮಾವ ಟವೆಲ್ ಎತ್ತಿ ಕೊಡವಿದ, ಹೆಗಲಿಗೆ ಹಾಕಿಕೊಂಡ. "ಇಲ್ಲ. ಕೊಡಾಕಿಲ್ಲ." ಅಷ್ಟೇ! ಎದ್ದು ಬಸ್ ಸ್ಟ್ಯಾಂಡಿನ ಕಡೆ ನಡೆದೇಬಿಟ್ಟ.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ದಾರಿಯುದ್ದಕ್ಕೂ ಬೈದೆ. "ನೀನು ಮಾಡ್ತಿರೋದೂ ಅದೇ ತಾನೇ ಮಾವ? ಸುಮ್ನೆ ಇಟ್ಕೊಂಡು ಮಾರೋದು! ಯುಗಾದಿಗೆ ಇನ್ನೆಷ್ಟು ದಿನ ಇದೆ ನೋಡಿದೀಯಾ?" ಅವನು ಕಿಟಕಿಯಾಚೆ ಕಬ್ಬಿನ ಗದ್ದೆ ನೋಡುತ್ತಾ ಕೂತಿದ್ದ.

ಈ ಸುದ್ದಿ ಹೇಳಿದರೆ ಅತ್ತೆ ಮನೆ ತಲೆಕೆಳಗು ಮಾಡುತ್ತಾಳೆ ಅಂತ ಹೆದರಿಕೊಂಡೇ ಹೇಳಿದೆ. ಅತ್ತೆ ಬೈಯಲಿಲ್ಲ. "ದಾಟಿಸ್ತೀವಿ ಅಂದ್ನಾ?" ಅಂತ ಕೇಳಿ ಒಳಗೆ ಹೋದಳು. ಮಾರನೆಯ ದಿನ ಅವಳೇ ಒಂದು ಗಿರಾಕಿ ಹುಡುಕಿದಳು. ಭಾರತೀನಗರದ ಹತ್ತಿರ ಆಲೆಮನೆ ನಡೆಸುವ ಒಬ್ಬ ಹೆಣ್ಣುಮಗಳು, ಅತ್ತೆಯ ತವರಿನ ಕಡೆಯವಳು. ಔಷಧಿ ಹಾಕದ ಬೆಲ್ಲವನ್ನು ಪೊಟ್ಟಣ ಕಟ್ಟಿ ಕೊರಿಯರಿನಲ್ಲಿ ಕಳಿಸುತ್ತಾಳಂತೆ, ಅದಕ್ಕೊಂದು ಹೆಸರು ಹುಡುಕುತ್ತಿದ್ದಳಂತೆ.

ಆಕೆ ಮನೆಗೇ ಬಂದಳು. ಮಾವ ಟವೆಲ್ ತೆಗೆಯುವ ಮೊದಲೇ, "ಕೊಡಿ ಮಾವ ಕೈನ," ಅಂದಳು. ಗಟ್ಟಿ ಹೆಣ್ಣು! ಟವೆಲ್ ಒಂದಷ್ಟು ಹೊತ್ತು ಅಲ್ಲಾಡಿತು. ಒಳಗೆ ಏನು ನಡೆಯಿತೋ ನನಗೆ ತಿಳಿಯಲಿಲ್ಲ, ಮಾವನ ಮೀಸೆಯಡಿ ಮಾತ್ರ ನಗು ಕಂಡಿತು. ಬೆಲೆ ಎಷ್ಟಾಯಿತು ಅಂತ ಇವತ್ತಿಗೂ ಇಬ್ಬರೂ ಬಾಯಿಬಿಟ್ಟಿಲ್ಲ.

ಮುಗಿಯಿತು ಅಂದುಕೊಂಡಿರಾ? ಹೆಸರನ್ನು ಆಕೆಗೆ ವರ್ಗಾಯಿಸಲು ಒಂದು ಗುಟ್ಟಿನ ಕೋಡ್ ಕೊಡಬೇಕು. ಮಾವ ಕೊಡುವುದಿಲ್ಲ ಅಂದ! ಮಾರುವವನು ಎತ್ತು ಕೊಡುತ್ತಾನೆಯೇ ಹೊರತು ಹಗ್ಗ ಕೊಡುವುದಿಲ್ಲ, ಹಗ್ಗ ಹೋದರೆ ಮನೆಯ ಲಕ್ಷ್ಮಿ ಹೋಗುತ್ತಾಳೆ, ಅದು ತಲೆತಲಾಂತರದ ಪದ್ಧತಿ. ನಾನು ತಲೆ ಚಚ್ಚಿಕೊಂಡೆ. ಆಕೆ ನಕ್ಕು, "ಮಾವ, ಈ ಕೋಡು ಒಂದ್ಸಲಕ್ಕೇ. ನನ್ನ ಕಡೆ ಬಂದ್ಮೇಲೆ ಇದು ನಡಿಯಲ್ಲ, ನಾನು ಒಸದು ಆಕ್ಕತೀನಿ. ಅಳೇ ಅಗ್ಗ ನಿಮ್ಮನೇಲೇ ಇರ್ತದೆ," ಅಂದಳು. ಮಾವ ಯೋಚಿಸಿ, ಸರಿ ಅಂದ. ಯುಗಾದಿಗೆ ಮೊದಲೇ ಬಿಸಿಪಾಕ ಆಲೆಮನೆ ಸೇರಿತು. ಅತ್ತೆ ಹೋಳಿಗೆ ಮಾಡಿದಳು.

ಹಬ್ಬ ಕಳೆಯಿತು. ಮಾವ ದಿನಾ ಬೆಳಿಗ್ಗೆ ಫೋನ್ ಮಾಡಲು ಶುರುಮಾಡಿದ. "ತೆಗ್ದು ನೋಡವ್ವ, ಏನ್ ಕಾಣ್ತದೆ?" ಏನೂ ಕಾಣುತ್ತಿರಲಿಲ್ಲ. ಬರೀ ಬಿಳಿ ಹಾಳೆ. ವೆಬ್‌ಸೈಟ್ ಕಟ್ಟಲು ಸಮಯ ಬೇಕು ಮಾವ ಅಂದರೆ ಕೇಳುವವನೇ? ಒಂದು ಬೆಳಿಗ್ಗೆ ನಾನು ಕಾಲೇಜಿಗೆ ಹೋಗಲು ಭಾರತೀನಗರದಲ್ಲಿ ಬಸ್ಸಿಳಿದರೆ ಎದುರಿಗೆ ಮಾವ! ಕೈಯಲ್ಲಿ ಬಾಳೆಹಣ್ಣಿನ ಚಿಪ್ಪು.

"ಎಲ್ಲಿಗೆ ಮಾವ?"

"ಬಿಸಿಪಾಕನ ನೋಡ್ಕಂಡ್ ಬರಾನ ಅಂತ."

ನಡುರಸ್ತೆಯಲ್ಲೇ ಬಿದ್ದು ಬಿದ್ದು ನಕ್ಕೆ. ಡಾಟ್ ಕಾಮಿಗೆ ಬಾಳೆಹಣ್ಣು! ತಡೆಯಲಾರದೆ ಅಲ್ಲಿಂದಲೇ ಅತ್ತೆಗೆ ಫೋನ್ ಮಾಡಿದೆ. ಆ ಕಡೆಯಿಂದ ನಗು ಬರಲಿಲ್ಲ.

"ನಗ್ಬ್ಯಾಡ ಕಣವ್ವ," ಅಂದಳು ಅತ್ತೆ. "ನಮ್ಮನೆ ಕೊನೇ ಜೊತೆ ಎತ್ತು ಮಾರುದ್ವಲ್ಲ, ತಗಂಡೋನು ಉಳಾಕೆ ಅಂತ ಏಳಿದ್ದ. ವಾರ ಕಳ್ದು ನಿಮ್ಮಾವ ಇಂಗೇ ಬಾಳೆಅಣ್ಣು ತಗಂಡು ನೋಡಾಕೋದ್ರು. ಕೊಟ್ಗೆ ಬರಿದಾಗಿತ್ತು. 'ಅವತ್ತೇ ಬ್ಯಾರೆಯೋರ್ಗೆ ದಾಟಿಸ್ಬುಟ್ಟೆ ಕಣಣ್ಣ' ಅಂದ್ನಂತೆ. ಯಾರ್ಗೆ, ಎಲ್ಗೆ, ಉಳಾಕೋ ಕಡಿಯಾಕೋ, ಅವ್ನೂ ಏಳ್ನಿಲ್ಲ. ಅಣ್ಣು ಅಂಗೇ ವಾಪಸ್ ತಂದು ಜಗ್ಲಿ ಮೇಲಿಟ್ಟು, ಬೆಲೆ ಕಟ್ಟಿದ್ದು ನಾನೇ ಕಣೆ ಅಂದ್ರು. ಅವತ್ತಿಂದ ಎತ್ತಿನ್ ಮುಖ ನೋಡಿಲ್ಲ."

ಫೋನ್ ಇಟ್ಟೆ. ಇಷ್ಟು ವರ್ಷ ಭಯಾನಾ ಮಾವ, ಭಯಾನಾ ಅಂತ ರೇಗಿಸಿದವಳು ನಾನು. ಕಾಲೇಜಿಗೆ ರಜಾ ಹೇಳಿ ಮಾವನ ಜೊತೆ ಆಟೋ ಹತ್ತಿದೆ.

ಆಲೆಮನೆಯಲ್ಲಿ ಕೊಪ್ಪರಿಗೆ ಕುದಿಯುತ್ತಿತ್ತು. ನಮ್ಮನ್ನು ಕಂಡು ಆಕೆ ಸೆರಗಿಗೆ ಕೈ ಒರೆಸಿಕೊಂಡು ಬಂದಳು. "ಸರಿಯಾದ ಒತ್ಗೆ ಬಂದ್ರಿ ಮಾವ, ಈಗಷ್ಟೇ ಬಂದದೆ ನೋಡಿ," ಅಂತ ಮೊಬೈಲ್ ಕೊಟ್ಟಳು. ಕುದಿಯುವ ಪಾಕದ ಚಿತ್ರ, ಬೆಲ್ಲದ ಅಚ್ಚು, ಮೇಲೆ ದೊಡ್ಡ ಅಕ್ಷರದಲ್ಲಿ ಬಿಸಿಪಾಕ. ಮಾವ, ಎತ್ತಿನ ಕತ್ತಿನ ಕೆಳಗಿನ ಗಂಗೆದೊಗಲು ಸವರುವ ಹಾಗೆ, ಆ ಹೆಸರಿನ ಕೆಳಗೆ ಹೆಬ್ಬೆರಳಿನಿಂದ ಮೆಲ್ಲಗೆ ಸವರಿದ. ಪುಟ ಸರ್ರನೆ ಮೇಲಕ್ಕೆ ಹೋಯಿತು. ಬೆಚ್ಚಿಬಿದ್ದು ಮೊಬೈಲ್ ನನ್ನ ಕೈಗೆ ಕೊಟ್ಟ.

"ಚೆನ್ನಾಗ್ ನೋಡ್ಕಂಡವ್ಳೆ ಕಣವ್ವ," ಅಂದ.

ಹೊರಗೆ ಕಬ್ಬು ತಂದ ಗಾಡಿಯೊಂದು ನಿಂತಿತ್ತು. ನೊಗ ಕಳಚಿದ ಎತ್ತುಗಳು ಬೇವಿನ ಮರದಡಿ ಮೆಲುಕು ಹಾಕುತ್ತಿದ್ದವು. ಮಾವ ಈ ಸಲ ಆಚೆ ಕಡೆಗೆ ಹೋಗಲಿಲ್ಲ. ಹತ್ತಿರ ಹೋಗಿ, ಚಿಪ್ಪಿನಿಂದ ಒಂದು ಹಣ್ಣು ಮುರಿದು ಎತ್ತಿನ ಬಾಯಿಗೆ ಹಿಡಿದ. ಹಲ್ಲು ಮಾತ್ರ ಎಣಿಸಲಿಲ್ಲ.