ಬಣ್ಣದ ಕಂಟ್ರಾಕ್ಟರ್ ಇನ್ಶೂರೆನ್ಸ್ ಮಾಡಿಸಿದ್ದು

ಬೇರೆಯವರ ಗೋಡೆಗೆ ಬಣ್ಣ ಹೊಡೆಸೋದು ನನ್ನ ಕಸುಬು. ಈ ಕಸುಬಲ್ಲಿ ನಗೋಕೆ ಅಂತ ಬೇರೆ ಎಲ್ಲೂ ಹೋಗ್ಬೇಕಾಗಿಲ್ಲ, ದಿನಾ ಒಂದಲ್ಲ ಒಂದು ನಡೀತಾನೇ ಇರುತ್ತೆ. ಅಬ್ಬಿಗೆರೆಯಲ್ಲಿ ಮನೆ, ಯಲಹಂಕದಿಂದ ಯಶವಂತಪುರದವರೆಗೆ ಎಲ್ಲಿ ಕರೆದ್ರೂ ಅಲ್ಲಿ ಕೆಲಸ. ನಾನೇ ಓನರ್, ನಾನೇ ಮ್ಯಾನೇಜರ್, ಆಳು ಬರದ ದಿನ ನಾನೇ ಆಳು.

ಇಷ್ಟು ವರ್ಷ ಗೇಟು, ಗ್ರಿಲ್ಲು, ಒಳಗೋಡೆ ಅಂತ ಸಣ್ಣಪುಟ್ಟ ಕೆಲಸದಲ್ಲೇ ಹೆಂಗೋ ತಳ್ಕೊಂಡು ಬಂದಿದ್ದೆ. ಹೋದ ವರ್ಷ ಯಲಹಂಕದ ಒಂದು ಅಪಾರ್ಟ್‌ಮೆಂಟಿನ ಹೊರಗೋಡೆ ಪೂರ್ತಿ ಸಿಗೋ ಹಾಗಾಯ್ತು. ಅದು ಸಿಕ್ಕಿದ್ರೆ ನಾನೂ ನಾಲ್ಕು ಜನರ ಮುಂದೆ ದೊಡ್ಡ ಕಂಟ್ರಾಕ್ಟರ್. ಕೈತಪ್ಪಿದ್ರೆ ಮತ್ತೆ ಗೇಟು, ಗ್ರಿಲ್ಲು. ನಡುವೆ ಅಡ್ಡ ನಿಂತಿದ್ದು ಒಂದೇ, ಇನ್ಶೂರೆನ್ಸು.

ಸೆಕ್ರೆಟರಿಯವರ ಕಾರು

ಅಪಾರ್ಟ್‌ಮೆಂಟಿನ ಸೆಕ್ರೆಟರಿ ರಿಟೈರ್ಡ್ ಆಫೀಸರು. ಮೊದಲನೇ ಪ್ರಶ್ನೆಯೇ, "ಇನ್ಶೂರೆನ್ಸ್ ಇದ್ಯೇನ್ರೀ?"

"ಇದೆ ಸಾರ್" ಅಂತ ಜೇಬಿಂದ ತೆಗೆದು ಕೊಟ್ಟೆ.

"ಇದು ನಿಮ್ಮ ಸ್ಕೂಟರ್‌ದು."

"ಹೌದು ಸಾರ್, ಕೆಲಸಕ್ಕೆ ಅದ್ರಲ್ಲೇ ಬರೋದು."

ಅವರು ನನ್ನನ್ನ ಪಾರ್ಕಿಂಗ್ ಹತ್ರ ಕರ್ಕೊಂಡು ಹೋದ್ರು. ಹೊಸ ಕಾರು, ಸೀಟಿನ ಪ್ಲಾಸ್ಟಿಕ್ ಕವರು ಇನ್ನೂ ತೆಗೆದಿಲ್ಲ, ಮುಂದೆ ಪೂಜೆಯ ಹಾರ ಒಣಗ್ತಾ ಇದೆ. "ಹಿಂದಿನ ಪೇಂಟರ್ ನನ್ನ ಹಳೇ ಕಾರ್ ಮೇಲೆ ಡಬ್ಬನೇ ಬೀಳಿಸಿದ. ಈ ಸಲ ಆಳು ಬಿದ್ರೂ, ಕಾರಿನ ಮೇಲೆ ಏನಾದ್ರೂ ಬಿದ್ರೂ, ಎರಡಕ್ಕೂ ಪಾಲಿಸಿ ಬೇಕು. ಸೋಮವಾರದೊಳಗೆ ತಂದ್ರೆ ಕೆಲಸ ನಿಮ್ದು. ಇಲ್ದಿದ್ರೆ ಇನ್ನೊಬ್ಬ ಕಾಯ್ತಾ ಇದಾನೆ."

ಆಳು ಬಿದ್ರೆ ಅನ್ನೋವಾಗ ಮನುಷ್ಯ ಆರಾಮಾಗಿದ್ರು. ಕಾರು ಅನ್ನೋವಾಗ ಕಣ್ಣಲ್ಲಿ ನೀರು ಬರೋದೊಂದು ಬಾಕಿ.

ಭಾಮೈದನ ಸಲಹೆ

ನನ್ನ ಹೆಂಡ್ತಿ ತಮ್ಮ ಇನ್ಶೂರೆನ್ಸ್ ಏಜೆಂಟು. ಹಾಗಾಗಿ ನಮ್ಮ ನೆಂಟರೆಲ್ಲ ಅವನ ಸ್ಕೂಟರ್ ಸದ್ದು ಕೇಳಿದ್ರೆ ಹಿಂದಿನ ಬಾಗಿಲಿಂದ ಆಚೆ ಹೋಗ್ತಾರೆ. ಅಂಥೋನ್ನ ನಾನೇ ಫೋನ್ ಮಾಡಿ ಕರೆದೆ. ಪಾಪ, ನಂಬೋಕಾಗ್ದೆ ಎರಡು ಸಲ ವಾಪಸ್ ಫೋನ್ ಮಾಡಿ ಕೇಳ್ದ.

ಬಂದು ಕೂತೋನೇ ಶುರು ಮಾಡ್ದ. "ಭಾವ, ನಿಮಗೆ ಅಂತಾನೇ ಮಾಡ್ದಂಗಿದೆ ಈ ಪಾಲಿಸಿ. ನೀವು ಹೋದ್ಮೇಲೆ ಅಕ್ಕಂಗೆ ದೊಡ್ಡ ಗಂಟೇ ಬರುತ್ತೆ."

"ನಾನೆಲ್ಲಿಗಯ್ಯ ಹೋಗ್ಲಿ? ನಂಗೆ ಬೇಕಾಗಿರೋದು ಕೆಲಸಕ್ಕೆ ಪಾಲಿಸಿ, ಜೀವಕ್ಕಲ್ಲ."

ಅಷ್ಟೊತ್ತೂ ಕಾಫಿ ಕೊಡೇ ಅಂತ ಕೂಗಿದ್ರೂ ಕೇಳಿಸ್ದೇ ಇದ್ದ ನನ್ನ ಹೆಂಡ್ತಿ ಸೆರಗಲ್ಲಿ ಕೈ ಒರೆಸ್ಕೊಂಡು ಆಚೆ ಬಂದ್ಲು. "ಎಷ್ಟು ಬರುತ್ತೋ?" ಅಂದ್ಲು.

ನಷ್ಟ ಇಲ್ಲದ ಮನುಷ್ಯ

ಆಮೇಲೆ ಅವನು ತೆಗೆದಿದ್ದು ಅಂಗಡಿ, ಆಫೀಸಿಗೆ ಮಾಡಿಸೋ ಪಾಲಿಸಿ. ಇರೋದ್ರಲ್ಲೇ ಅಗ್ಗ.

"ಆಫೀಸಿಗೆ ಬೆಂಕಿ ಬಿದ್ರೆ ಇದು ಕೊಡುತ್ತೆ ಭಾವ. ಆಫೀಸ್ ಎಲ್ಲಿ?"

"ಸ್ಕೂಟರ್ ಡಿಕ್ಕೀಲಿ. ಪಾರ್ಟಿ ಜೊತೆ ಮಾತುಕತೆ ಇದ್ರೆ ಟೀ ಅಂಗಡಿ ಮುಂದೆ."

"ಎಸಿ ಏನಾದ್ರೂ?"

"ಟೀ ಅಂಗಡಿ ಮುಂದೆ ಹೊಂಗೆ ಮರ ಇದೆ."

"ಕಳ್ಳತನ ಆದ್ರೆ?"

"ಇರೋದು ಏಣಿ, ಬ್ರಷ್ಷು. ಕದ್ದೋನು ಆಮೇಲೆ ದುಡೀಬೇಕು. ದುಡಿಯೋ ಹಾಗಿದ್ರೆ ಯಾಕೆ ಕದೀತಾನೆ?"

ಭಾಮೈದ ಪೆನ್ನು ಮುಚ್ಚಿಟ್ಟು ಕೈ ಮುಗಿದ. "ಭಾವ, ನೀವು ಪುಣ್ಯವಂತರು. ನಷ್ಟ ಮಾಡ್ಕೊಳ್ತೀನಿ ಅಂದ್ರೂ ನಿಮ್ಮ ಹತ್ರ ಏನೂ ಇಲ್ಲ."

ಅಗ್ಗ ಅಲ್ವಾ, ಅದನ್ನೇ ತಗೊಂಡು ಸೆಕ್ರೆಟರಿ ಮುಂದೆ ಹಿಡಿಯೋಣ ಅಂತ ಒಂದು ಗಳಿಗೆ ಅನ್ನಿಸ್ತು. ಆದ್ರೆ ನಿಂತು ಬಣ್ಣ ಹೊಡೆಯೋಕೆ ಗೋಡೆಗೆ ಕಟ್ಟೋ ಸಾರ್ವೆ ಮೇಲಿಂದ ನಮ್ಮ ಮೇಸ್ತ್ರಿ ಜಾರಿದ್ರೆ ಆ ಪಾಲಿಸಿ ಆಸ್ಪತ್ರೆಗೆ ಏನೂ ಕೊಡಲ್ಲ. ನನ್ನ ಜೊತೆ ಮೊದಲಿಂದ ಇರೋ ಜೀವ ಅದು. ಕೆಲಸ ಇರೋದೋ ನಾಲ್ಕನೇ ಮಹಡಿವರೆಗೆ. ಹಂಗಾಗಿ ಆಳುಗಳಿಗೆ ಪೆಟ್ಟಾದ್ರೆ ಕೊಡೋ ಪಾಲಿಸೀನೇ ಬರಿ ಅಂದೆ.

"ಬೇರೆಯವರ ಸೊತ್ತು ಹಾಳಾದ್ರೆ ಕೊಡೋದು?" ಅಂದ.

"ಅದ್ಯಾಕೆ, ದುಡ್ಡು ದಂಡ. ಟಾರ್ಪಾಲ್ ಕಟ್ತೀವಿ ಅಂತ ಸೆಕ್ರೆಟರಿಗೆ ಹೇಳಿದ್ರಾಯ್ತು. ನಾವೇನು ಬೀಳಿಸ್ತೀವಿ?"

ಹೆಂಡ್ತಿ ಅಡುಗೆಮನೆಯಿಂದಲೇ ಕೇಳಿದ್ಲು. "ಇಲ್ಲಿ ಬಣ್ಣ ಹೊಡೀಬೇಕಾದ್ರೆ ನನ್ನ ಮಿಕ್ಸಿ ಒಡೆದೋರು ಯಾರು?"

ಅದನ್ನೂ ಬರ್ಕೊ ಅಂದೆ.

ಬಿಡ್ತು ಅನ್ನಿ

ಮಾರನೇ ದಿನ ಮೇಸ್ತ್ರೀನ ಮನೆಗೆ ಕರೆಸಿದ್ವಿ, ಪಾಲಿಸೀಲಿ ಏನಿದೆ ಅಂತ ಅವನಿಗೂ ಗೊತ್ತಾಗ್ಲಿ ಅಂತ. ಹೆಸರಘಟ್ಟ ಕಡೆಯೋನು, ನನಗಿಂತ ದೊಡ್ಡೋನು, ಆದ್ರೂ ನನ್ನನ್ನ ಅಣ್ಣ ಅಂತಾನೇ ಕರೆಯೋದು. ಭಾಮೈದ ಗಂಟಲು ಸರಿ ಮಾಡ್ಕೊಂಡು ಓದೋಕೆ ಶುರು ಮಾಡ್ದ.

"ಕೆಲಸಗಾರ ಮೇಲಿಂದ ಬಿದ್ದು ಸತ್ರೆ..."

"ಬಿಡ್ತು ಅನ್ನೋ!" ಹೆಂಡ್ತಿ ಕಿರುಚಿದ್ಲು. "ಮನೆ ಒಳಗೆ ಕೂತು ಇಂಥ ಮಾತಾ!"

"ಬಿಡ್ತು. ಒಂದು ಕಾಲು ಹೋದ್ರೆ..."

"ಬುಡ್ತು ಅನ್ನಪ್ಪ" ಅಂದ ಮೇಸ್ತ್ರಿ, ಕಾಲು ಮಡಚ್ಕೊಂಡು.

"ಬಿಡ್ತು. ಎರಡೂ ಕಾಲು ಹೋದ್ರೆ..."

"ಬಿಡ್ತು ಅನ್ನೋ!" ಇಬ್ಬರೂ ಒಟ್ಟಿಗೆ.

ಹಿಂಗೇ ಕಣ್ಣು, ಕೈ, ಸೊಂಟ ಎಲ್ಲ ಆಯ್ತು. ಕೊನೆಕೊನೆಗೆ ಅವನಿಗೆ ಅದೇ ಅಭ್ಯಾಸ ಆಗೋಯ್ತು. "ಪಾಲಿಸಿ ಒಂದು ವರ್ಷ ಇರುತ್ತೆ, ಬಿಡ್ತು. ಪ್ರೀಮಿಯಂ ಇವತ್ತೇ ಕಟ್ಬಹುದು, ಬಿಡ್ತು" ಅಂದ.

ಹೆಲ್ಮೆಟ್ ಫೋಟೋ

ಇನ್ಶೂರೆನ್ಸ್ ಕಂಪ್ನಿಯೋರು ಆಳುಗಳೆಲ್ಲ ಹೆಲ್ಮೆಟ್ ಹಾಕ್ಕೊಂಡಿರೋ ಫೋಟೋ ಕೇಳಿದ್ರು. "ನಾಳೆ ಎಲ್ಲರೂ ಹೆಲ್ಮೆಟ್ ತಗೊಂಬನ್ನಿ" ಅಂತ ಹೇಳಿ ಕಳಿಸ್ದೆ. ಒಬ್ಬರೂ ತಪ್ಪಿಸ್ಲಿಲ್ಲ. ಎಲ್ಲರೂ ಬೈಕ್ ಹೆಲ್ಮೆಟ್ಟೇ ತಂದಿದ್ರು. ಮೇಸ್ತ್ರಿ ಅಳಿಯನ ಹತ್ರ ಇಸ್ಕೊಂಡು ಬಂದಿದ್ದು ಮುಖ ಪೂರ್ತಿ ಮುಚ್ಚೋದು. ಬಾಯಲ್ಲಿ ಎಲೆ ಅಡಿಕೆ ಬೇರೆ. ಫೋಟೋ ತೆಗೆಯೋ ಹೊತ್ತಿಗೆ ಗ್ಲಾಸು ಇಳಿಸಿರೋದು ಮರೆತು ಉಗಿದ.

ಫೋಟೋ ಸೇರಿದ ಮೇಲೆ ಕಂಪ್ನಿಯಿಂದ ಫೋನ್ ಬಂತು. "ಸಾರ್, ಇವರು ಬಣ್ಣ ಹೊಡೆಯೋರಾ, ಪಿಜ್ಜಾ ಡೆಲಿವರಿ ಮಾಡೋರಾ? ಒಬ್ಬರಿಗೆ ಆಗ್ಲೇ ರಕ್ತ ಬರ್ತಾ ಇದೆಯಲ್ಲ?"

ಕುಂಬಳಕಾಯಿ

ಅಂತೂ ಹಳದಿ ಹೆಲ್ಮೆಟ್ ಕೊಂಡು, ಇನ್ನೊಂದು ಫೋಟೋ ಕಳಿಸಿ, ಶನಿವಾರ ಪಾಲಿಸಿ ಕೈಗೆ ಬಂತು. ಸೋಮವಾರ ಸೆಕ್ರೆಟರಿ ಅದನ್ನ ಎರಡು ಸಲ ಓದಿ, ಕೆಲಸ ಶುರು ಮಾಡ್ಕೊಳ್ಳಿ ಅಂದ್ರು. ನಾನು ಅವತ್ತು ಹೆಂಡ್ತಿಗೆ ಮೈಸೂರುಪಾಕ್ ತಗೊಂಡು ಹೋದೆ, ಅಷ್ಟು ಖುಷಿ.

ಸಾರ್ವೆ ಕಟ್ಟಿ ಮುಗೀತು. ಮೇಲೆ ಹತ್ತೋ ಹೊತ್ತಿಗೆ ಮೇಸ್ತ್ರಿ ತಗಾದೆ ತೆಗೆದ. "ಅಣ್ಣ, ಅವತ್ತು ಮನೇಲಿ ಎಷ್ಟ್ ಕೆಟ್ಟ ಮಾತು ಆಡುದ್ರು ನಿಮ್ ಭಾಮೈದ. ಬೂದುಗುಂಬಳಕಾಯಿ ಒಡ್ದು ದೃಷ್ಟಿ ತೆಗೀದೆ ನಾನ್ ಅತ್ತಾಕಿಲ್ಲ."

ತರಿಸ್ದೆ. ಗೇಟ್ ಮುಂದೆ ಒಡಿ ಅಂದೆ. "ನಾವು ನಿಂತ್ಕಳಾದು ಗೇಟಲ್ಲಾ? ಮ್ಯಾಲಿಂದ ಇಳಿ ತೆಗ್ದು ಗೇಟ್ ಮುಂದಕ್ಕೆ ಎಸೀತೀನಿ" ಅಂತ ಕಾಯಿ ಹೆಗಲಿಗೇರಿಸಿ ನಾಲ್ಕನೇ ಮಹಡಿಗೆ ಹೋದ. ಕೆಳಗಿದ್ದೋರನ್ನೆಲ್ಲ ಆಚೆ ಕಳಿಸಿದ್ವಿ. ಕೆಳಗೆ ಪಾರ್ಕಿಂಗಲ್ಲಿದ್ದ ಸೆಕ್ರೆಟರಿ ಕಾರಿಗೆ ಒಂದು ಹನಿ ಬಣ್ಣ ಬೀಳ್ದಂಗೆ ಮೊದಲೇ ಟಾರ್ಪಾಲ್ ಕಟ್ಟಿದ್ವಿ. ಅವರೂ ಬಂದು ಕೈ ಮುಗ್ಕೊಂಡು ನಿಂತ್ರು.

ಮೇಸ್ತ್ರಿ ಕಾಯಿ ಮೇಲೆ ಕರ್ಪೂರ ಹಚ್ಚಿ ಇಳಿ ತೆಗೀತಾ ಇದ್ದ. ಉರಿಯೋ ಕರ್ಪೂರ ಜಾರಿ ಕೈ ಮೇಲೆ ಬಿತ್ತು. "ಅಯ್ಯಪ್ಪಾ!" ಅಂತ ಕೈ ಕೊಡವಿದ. ಕಾಯಿ ಗೇಟ್ ಕಡೆ ಬರಲಿಲ್ಲ. ಸೀದಾ ಟಾರ್ಪಾಲ್ ಮೇಲೆ ಬಿತ್ತು. ಒಳಗಡೆ ಗಾಜು ಪುಡಿಯಾದ ಸದ್ದು ಎಲ್ಲರಿಗೂ ಕೇಳಿಸ್ತು.

ಮೇಲಿಂದ ಮೇಸ್ತ್ರಿ ಕೂಗ್ದ. "ಅಣ್ಣಾ, ಚೆನ್ನಾಗಿ ಒಡೀತಾ?"

ಸೆಕ್ರೆಟರಿ ನನ್ನ ಕಡೆ ತಿರುಗಿದ್ರು. "ನಿಮ್ಮ ಇನ್ಶೂರೆನ್ಸೋರು ಕೊಟ್ರೆ ಸರಿ. ಕೊಡ್ಲಿಲ್ಲ ಅಂದ್ರೆ ಸಾರ್ವೆ ಬಿಚ್ಕೊಂಡು ನಡೀರಿ." ಬ್ರಷ್ಷು ಇನ್ನೂ ಡಬ್ಬದೊಳಗೆ ಅದ್ದಿಲ್ಲ, ಆಗ್ಲೇ ಕೆಲಸ ಹೋಗೋ ಹಾಗಾಯ್ತು.

ಮಾರನೇ ದಿನ ಕಂಪ್ನಿಯ ಸರ್ವೇಯರು ಬಂದ. ಚಿಕ್ಕ ವಯಸ್ಸು, ದೊಡ್ಡ ಅನುಮಾನ. "ಬಣ್ಣದ ಕೆಲಸದಿಂದ ಆದ ನಷ್ಟಕ್ಕೆ ಮಾತ್ರ ಸಾರ್ ಈ ಪಾಲಿಸಿ. ಕುಂಬಳಕಾಯಿ ಒಡೆಯೋದು ಬಣ್ಣದ ಕೆಲಸ ಹೇಗಾಗುತ್ತೆ?"

ನಾನು ಬಾಯಿ ತೆರೆಯೋಕೆ ಮುಂಚೆ ಸೆಕ್ರೆಟರಿಯವರೇ ಎದ್ರು. "ಏನ್ರೀ ಮಾತಾಡ್ತೀರಾ? ಪೂಜೆ ಇಲ್ದೆ ಈ ಊರಲ್ಲಿ ಯಾವನ್ರೀ ಕೆಲಸ ಶುರು ಮಾಡ್ತಾನೆ? ಅದು ಕೆಲಸದ ಮೊದಲನೇ ಭಾಗ ಕಣ್ರೀ!" ನಿನ್ನೆ ನನ್ನನ್ನ ಓಡಿಸ್ತೀನಿ ಅಂದ ಮನುಷ್ಯ ಇವತ್ತು ನನ್ನ ವಕೀಲ.

ಮೇಸ್ತ್ರಿ ಸರ್ವೇಯರ್ ಬೈಕ್ ತೋರಿಸ್ದ. ಅದರ ಹ್ಯಾಂಡಲ್‌ಗೆ ನಿಂಬೆಹಣ್ಣು, ಮೆಣಸಿನಕಾಯಿ ನೇತಾಡ್ತಾ ಇತ್ತು. "ಸ್ವಾಮಿ, ಅದ್ನ ಬಿಚ್ಚಾಕಿ ಮನೆಗೋಗ್ತೀರಾ?"

ಸರ್ವೇಯರ್ ಬೆವರು ಒರೆಸ್ಕೊಂಡು ತನ್ನ ಸಾಹೇಬರಿಗೆ ಫೋನ್ ಮಾಡ್ದ. ಕೈಯಲ್ಲಿ ಕ್ಯಾಮೆರಾ ಇದ್ದಿದ್ರಿಂದ ಸ್ಪೀಕರ್ ಹಾಕಿ ಕಾರಿನ ಮೇಲಿಟ್ಟ. ನಾವೆಲ್ಲ ಸುತ್ತ ನಿಂತ್ವಿ.

"ಸಾರ್, ಕಾರಿನ ಗಾಜು ಹೋಗಿದೆ. ಬಾನೆಟ್ ತಗ್ಗಾಗಿದೆ."

"ಅಪಘಾತಕ್ಕೆ ಕಾರಣ ಏನಪ್ಪ?"

ಸರ್ವೇಯರ್ ನಮ್ಮನ್ನೆಲ್ಲ ಒಂದು ಸಲ ನೋಡ್ದ. "ಅಪಘಾತ ಆಗ್ಬಾರ್ದು ಅಂತ ಮಾಡಿದ ಪೂಜೆ ಸಾರ್."

ನಾನು ಫೋನಿಗೆ ಇನ್ನಷ್ಟು ಹತ್ರ ಬಗ್ಗಿದೆ.

"ಯಾರಿಗಾದ್ರೂ ಪೆಟ್ಟಾಯ್ತಾ?"

"ಇಲ್ಲ ಸಾರ್."

"ಹಂಗಾದ್ರೆ ಪಾಸ್ ಮಾಡಯ್ಯ. ಪೂಜೆ ಮಾಡಿದ್ದಕ್ಕೆ ಇಷ್ಟರಲ್ಲೇ ಹೋಯ್ತು. ಮಾಡ್ದೇ ಇದ್ದಿದ್ರೆ ಇನ್ನೇನು ಬೀಳ್ತಿತ್ತೋ, ಬಿಡ್ತು ಅನ್ನು!"